ಹಾಲಿನ ಪುಡಿ ಬೇಡ, ಮಿಡ್‌ವೈಫ್ ಸ್ಕೂಟರಿಗೆ ಪೆಟ್ರೋಲ್ ಕೊಡಿ

2022ರ ಜೂನ್ ತಿಂಗಳು. ನಾನಾಗ ಶ್ರೀಲಂಕಾದಲ್ಲಿ ಮಕ್ಕಳ ಪೌಷ್ಟಿಕತೆಯ ಕೆಲಸದಲ್ಲಿದ್ದೆ. ಒಂದು ಸಂಜೆ ಪರಿಚಯದವರೊಬ್ಬರ ಫೋನ್ ಬಂತು. ಅವರ ಗೆಳೆಯರೆಲ್ಲ ಸೇರಿ ಒಳ್ಳೆಯ ಮೊತ್ತವನ್ನೇ ಕೂಡಿಸಿದ್ದರು. “ಡಾಕ್ಟ್ರೇ, ಎಳೆ ಮಕ್ಕಳಿಗೆ ಕೊಡೋ ಹಾಲಿನ ಪುಡಿ ಡಬ್ಬ ಒಂದು ಕಂಟೇನರ್ ಕಳಿಸ್ತೀವಿ. ಯಾವ ವಿಳಾಸಕ್ಕೆ ಹಾಕಲಿ?” ಅಂದರು. ಬೇಡ ಅಂದೆ. ಆ ಕಡೆ ಸ್ವಲ್ಪ ಹೊತ್ತು ಮಾತೇ ಇಲ್ಲ. ಹಾಲಿನ ಪುಡಿಗೆ ಸಾಲು ನಿಂತ ತಾಯಂದಿರನ್ನು ಟಿವಿಯಲ್ಲಿ ನೋಡಿದವರಿಗೆ ಹೀಗೆ ಹೇಳಿದರೆ ಬೇಜಾರಾಗದೆ ಇರುತ್ತಾ? “ಹಾಗಾದ್ರೆ ಏನು ಬೇಕು ಹೇಳಿ” ಅಂದರು. “ಮಿಡ್‌ವೈಫ್‌ಗಳ ಸ್ಕೂಟರಿಗೆ ಪೆಟ್ರೋಲ್” ಅಂದೆ. ಮನೆಮನೆಗೆ ಹೋಗಿ ಬಸುರಿಯರನ್ನೂ ಮಕ್ಕಳನ್ನೂ ನೋಡಿಕೊಳ್ಳುವ ಸರ್ಕಾರಿ ಕೆಲಸದವರು ಅವರು. ತಮಾಷೆ ಮಾಡ್ತಿದ್ದೀನಿ ಅಂದುಕೊಂಡರು.

ಅವತ್ತು ಫೋನಿನಲ್ಲಿ ಪೂರ್ತಿ ಹೇಳೋಕೆ ಆಗಲಿಲ್ಲ. ಈಗ ಹೇಳುತ್ತೇನೆ.

ನೆರೆ ಬಂದಾಗ ಏನಾಗುತ್ತೆ ಅಂತ ಎಲ್ಲರಿಗೂ ಗೊತ್ತು. ಮನೆ ಮುಳುಗುತ್ತೆ, ರಸ್ತೆ ಕಿತ್ತು ಹೋಗುತ್ತೆ, ಅಕ್ಕಿ ನೆನೆಯುತ್ತೆ. ಆಗ ಮೂಟೆ ಹೊತ್ತು ತಂದುಕೊಡುವುದೇ ಸರಿಯಾದ ಸಹಾಯ. ಆ ವರ್ಷ ಶ್ರೀಲಂಕಾದಲ್ಲಿ ಅದ್ಯಾವುದೂ ಆಗಿರಲಿಲ್ಲ. ಮನೆಗಳ ಸೂರು ಗಟ್ಟಿಯಾಗಿತ್ತು, ಅಂಗಡಿ ಬಾಗಿಲು ತೆರೆದಿತ್ತು, ರಸ್ತೆ ನುಣ್ಣಗಿತ್ತು. ಇಲ್ಲದೆ ಹೋಗಿದ್ದು ಡಾಲರ್. ಏಪ್ರಿಲ್ 12ರಂದು ಸರ್ಕಾರ ವಿದೇಶಿ ಸಾಲದ ಕಂತು ಕಟ್ಟಲಾಗುವುದಿಲ್ಲ ಎಂದು ಕೈಯೆತ್ತಿತು. ಸಾಲ ಸುಮಾರು 5,100 ಕೋಟಿ ಡಾಲರ್. ಡಾಲರಿಗೆ 200ರ ಆಸುಪಾಸಿನಲ್ಲಿದ್ದ ಅಲ್ಲಿನ ರೂಪಾಯಿ ಕೆಲವೇ ವಾರಗಳಲ್ಲಿ 360ಕ್ಕೆ ಬಿತ್ತು. ಪೆಟ್ರೋಲ್, ಅಡುಗೆ ಗ್ಯಾಸ್, ಗೋಧಿ, ಬಹುಪಾಲು ಔಷಧಿ, ಹಾಲಿನ ಪುಡಿ ಎಲ್ಲವೂ ಹೊರಗಿನಿಂದ ಬರಬೇಕಾದ ದೇಶ ಅದು. ಸೆಪ್ಟೆಂಬರಿನಲ್ಲಿ ಕೊಲಂಬೊದ ಆಹಾರ ಹಣದುಬ್ಬರ ಶೇ 94.9 ಮುಟ್ಟಿತು. ಅಂದರೆ ಹಿಂದಿನ ವರ್ಷ 100 ರೂಪಾಯಿಗೆ ಬರುತ್ತಿದ್ದ ದಿನಸಿಗೆ ಈಗ 195 ಕೊಡಬೇಕು. ಚಹಾ ತೋಟದ ಕೂಲಿ ಮಾತ್ರ 2021ರಲ್ಲಿ ಗೊತ್ತು ಮಾಡಿದ ದಿನಕ್ಕೆ 1,000 ರೂಪಾಯಿಯಲ್ಲೇ ನಿಂತಿತ್ತು.

ಇಂಥ ಹೊತ್ತಲ್ಲಿ ಮಗುವಿನ ಹಸಿವು ಕಣ್ಣಿಗೆ ಬೀಳುವುದಿಲ್ಲ. ಮನೆಯೊಳಗೆ ಒಂದೊಂದೇ ಮೆಟ್ಟಿಲು ಇಳಿಯುತ್ತೆ. ಮೊದಲು ಮೀನು, ಮೊಟ್ಟೆ ನಿಲ್ಲುತ್ತೆ. ಆಮೇಲೆ ಬೇಳೆ ನೀರಾಗುತ್ತೆ. ತಾಯಿ ರಾತ್ರಿ ಊಟ ಬಿಡುತ್ತಾಳೆ, ಕೇಳಿದರೆ “ಹಸಿವಿಲ್ಲ” ಅನ್ನುತ್ತಾಳೆ. ಕಿವಿಯೋಲೆ ಗಿರವಿಗೆ ಹೋಗುತ್ತೆ. ಕೊನೆಗೆ ದೊಡ್ಡ ಮಗು ಶಾಲೆ ಬಿಡುತ್ತೆ. ಹಾಲಿನ ಪುಡಿಯ ಕಥೆಯನ್ನೇ ನೋಡಿ. 400 ಗ್ರಾಂ ಪ್ಯಾಕೆಟ್ 2021ರ ಅಕ್ಟೋಬರಿಗೆ ಮುಂಚೆ 380 ರೂಪಾಯಿ. 2022ರ ಮಾರ್ಚಿನಲ್ಲಿ 790. ಪ್ಯಾಕೆಟ್ ಕೊಳ್ಳುವುದನ್ನು ಯಾರೂ ತಟ್ಟನೆ ನಿಲ್ಲಿಸಲಿಲ್ಲ. ಲೋಟಕ್ಕೆ ಮೂರು ಚಮಚ ಹಾಕುತ್ತಿದ್ದವರು ಎರಡು ಹಾಕಿದರು, ಆಮೇಲೆ ಒಂದು. ಬಿಳಿ ಬಣ್ಣ ಉಳಿದಿರುತ್ತೆ, ಹಾಗಾಗಿ ಮಗು ಹಾಲು ಕುಡಿದಂತೆಯೇ ಕಾಣುತ್ತೆ.

ಚಹಾ ತೋಟಗಳ ಗುಡ್ಡನಾಡು ನುವರ ಎಲಿಯಾ. ಆ ಕಡೆಯ ಒಂದು ತೋಟದ ಲೈನ್ ಮನೆಯಲ್ಲಿ, ಅಂದರೆ ಕೂಲಿಯವರ ಸಾಲು ಮನೆಯಲ್ಲಿ, ನೋಡಿದ ಹುಡುಗ ನನಗೆ ಚೆನ್ನಾಗಿ ನೆನಪಿದ್ದಾನೆ. ಎರಡು ವರ್ಷ ತುಂಬಿತ್ತು. ಅಮ್ಮ ಚಹಾ ಕೀಳುವವಳು. ಕೈಯಲ್ಲಿ ಹಾಲಿನ ಬಾಟಲಿ, ಅದರೊಳಗೆ ಸಕ್ಕರೆ ಹಾಕಿದ ಬರೀ ಡಿಕಾಕ್ಷನ್. ನಾವು ಎಡ ತೋಳಿನ ನಡುಭಾಗಕ್ಕೆ ಒಂದು ಬಣ್ಣದ ಟೇಪ್ ಸುತ್ತುತ್ತೇವೆ. ಆರು ತಿಂಗಳಿಂದ ಐದು ವರ್ಷದೊಳಗಿನ ಮಕ್ಕಳಿಗೆ ಈ ಅಳತೆ. 12.5 ಸೆಂಟಿಮೀಟರ್ ಮೇಲಿದ್ದರೆ ಹಸಿರು. ಅದಕ್ಕಿಂತ ಕಡಿಮೆಯಾದರೆ ಹಳದಿ. 11.5ಕ್ಕಿಂತ ಕೆಳಗಿಳಿದರೆ ಕೆಂಪು, ಅಂದರೆ ಜೀವಕ್ಕೆ ಅಪಾಯ. ಇವನದು 11.9. “ಇವನು ಹುಟ್ಟಿದಾಗಿನಿಂದ ಸಣ್ಣಾನೇ ಸಾರ್” ಅಂತ ಅಮ್ಮ ತಮಿಳಿನಲ್ಲಿ ಹೇಳಿದಳು. ಸುಳ್ಳಲ್ಲ. ಆ ಸಾಲು ಮನೆಗಳಲ್ಲಿ ಎಲ್ಲ ಮಕ್ಕಳೂ ಸಣ್ಣವೇ. ಎಲ್ಲರೂ ಸಣ್ಣಗಿದ್ದ ಕಡೆ ತನ್ನ ಮಗು ಇನ್ನಷ್ಟು ಸೊರಗಿದ್ದು ತಾಯಿಗೂ ಕಾಣುವುದಿಲ್ಲ. ಟೇಪ್ ಬೇಕಾಗುವುದು ಅದಕ್ಕೇ.

ಇದು ಬರೀ 2022ರ ರೋಗವಲ್ಲ. ಉಚಿತ ಆಸ್ಪತ್ರೆ, ಉಚಿತ ಶಾಲೆ, ಬಾಣಂತಿಯರ ಸಾವು ಕಡಿಮೆ ಎಂದೆಲ್ಲ ಹೆಸರು ಮಾಡಿದ ದೇಶ ಶ್ರೀಲಂಕಾ. ಆದರೂ 2016ರ ಸಮೀಕ್ಷೆಯಲ್ಲೇ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ 15.1ರಷ್ಟು ಎತ್ತರಕ್ಕೆ ತಕ್ಕ ತೂಕವಿಲ್ಲದವರು. ತೋಟದ ಮಕ್ಕಳಲ್ಲಿ ಮೂರರಲ್ಲಿ ಒಬ್ಬರು ವಯಸ್ಸಿಗೆ ತಕ್ಕ ಎತ್ತರ ಬೆಳೆದಿರಲಿಲ್ಲ. ಮೊದಲೇ ಅಂಚಿನಲ್ಲಿ ನಿಂತವರನ್ನು ಬಿಕ್ಕಟ್ಟು ಬಂದು ನೂಕಿತು, ಅಷ್ಟೇ. ಮಕ್ಕಳಲ್ಲಿ 23 ಲಕ್ಷ ಮಂದಿಗೆ ನೆರವು ಬೇಕು ಎಂದು ಯುನಿಸೆಫ್ ಲೆಕ್ಕ ಹಾಕಿತ್ತು.

ಅಂಚಿನಲ್ಲಿದ್ದ ಮಕ್ಕಳು ಅಷ್ಟು ವರ್ಷ ಹೇಗೋ ಬಿದ್ದಿರಲಿಲ್ಲವಲ್ಲ, ಯಾಕೆ? ಹಿಡಿದುಕೊಂಡಿದ್ದ ಒಂದು ದಾರ ಇತ್ತು. ಅದರ ಹೆಸರು ತ್ರಿಪೋಷ. ಮೆಕ್ಕೆಜೋಳ, ಸೋಯಾ, ಹಾಲಿನ ಪುಡಿ, ಜೀವಸತ್ವ ಸೇರಿಸಿದ ಹುಡಿ. 1973ರಿಂದ ಗರ್ಭಿಣಿಯರಿಗೆ, ಹಾಲೂಡಿಸುವ ತಾಯಂದಿರಿಗೆ, ತೂಕ ಕಡಿಮೆ ಇರುವ ಮಕ್ಕಳಿಗೆ ಪುಕ್ಕಟೆ ಕೊಡುತ್ತಿದ್ದಾರೆ. 750 ಗ್ರಾಮಿನ ಪ್ಯಾಕೆಟ್. ಉಂಡೆ ಕಟ್ಟಿ ತಿನ್ನಿಸುತ್ತಾರೆ, ದೊಡ್ಡವರೂ ಕದ್ದು ತಿನ್ನುತ್ತಾರೆ, ರುಚಿ ಇದೆ.

ಈಗ ಈ ದಾರ ಹೇಗೆ ಕಡಿಯಿತು ನೋಡಿ. 2021ರ ಮೇ ತಿಂಗಳಲ್ಲಿ ಸರ್ಕಾರ ರಾಸಾಯನಿಕ ಗೊಬ್ಬರದ ಆಮದು ನಿಲ್ಲಿಸಿತು. ನವೆಂಬರಿನಲ್ಲಿ ಹಿಂದೆ ಸರಿಯಿತು, ಆದರೆ ದೊಡ್ಡ ಹಂಗಾಮಿನ ಬಿತ್ತನೆ ಅಷ್ಟೊತ್ತಿಗೆ ಕೆಟ್ಟಿತ್ತು. ಮೆಕ್ಕೆಜೋಳ ಕುಸಿಯಿತು. ಹೊರಗಿನಿಂದ ತರಿಸಲು ಡಾಲರ್ ಇಲ್ಲ. ಇದ್ದ ಜೋಳಕ್ಕೆ ಕೋಳಿ ಸಾಕುವವರೂ ಕೈ ಚಾಚಿದ್ದರು. ಸಾಲದ್ದಕ್ಕೆ ಜೋಳದಲ್ಲಿ ಅಫ್ಲಾಟಾಕ್ಸಿನ್ ಎಂಬ ಬೂಷ್ಟಿನ ವಿಷ ಎಷ್ಟಿದೆ ಎಂಬ ಜಗಳ 2022ರ ಸೆಪ್ಟೆಂಬರಿನಲ್ಲಿ ಎದ್ದಿತು. ಹಾಲಿನ ಪುಡಿಯೂ ಆಮದಿನದು. ಹೀಗೆ ಎಲ್ಲೋ ಕೊಲಂಬೊದ ಮೇಜಿನ ಮೇಲೆ ಸಹಿಯಾದ ಕಾಗದ ಒಂದು ವರ್ಷದ ಮೇಲೆ ನುವರ ಎಲಿಯಾದ ಕ್ಲಿನಿಕ್ಕಿನ ಬೀರುವಿಗೆ ಬಂದು ತಲುಪಿತು. ನಾನು ಹೋದ ದಿನ ಬೀರು ತೆಗೆದು ತೋರಿಸಿದರು. ಮೇಲಿನ ಖಾನೆಯಲ್ಲಿ ಹಳೇ ರಿಜಿಸ್ಟರ್, ಕೆಳಗಿನ ಖಾನೆಯಲ್ಲಿ ಏನೂ ಇಲ್ಲ.

ಬೀರು ತೋರಿಸಿದ್ದು ಆ ಊರಿನ ಮಿಡ್‌ವೈಫ್. ಹೆರಿಗೆ ಮಾಡಿಸುವವರು ಅಂತ ಮಾತ್ರ ಅಂದುಕೊಳ್ಳಬೇಡಿ. ಸುಮಾರು 3,000 ಜನಕ್ಕೆ ಒಬ್ಬರಂತೆ ಇರುವ ಸರ್ಕಾರಿ ಕೆಲಸದವರು. ಯಾರ ಮನೆಯಲ್ಲಿ ಬಸುರಿ, ಯಾವ ಮಗುವಿನ ತೂಕ ಎರಡು ತಿಂಗಳಿಂದ ಏರಿಲ್ಲ, ಯಾವ ಮನೆಯಲ್ಲಿ ಗಂಡ ಕುಡಿಯುತ್ತಾನೆ, ಎಲ್ಲ ಅವರ ಪುಸ್ತಕದಲ್ಲಿ, ಪುಸ್ತಕದಲ್ಲಿಲ್ಲದ್ದು ತಲೆಯಲ್ಲಿ. ಹೊರಗಿನಿಂದ ಬರುವ ಸಂಸ್ಥೆ ಎರಡು ತಿಂಗಳು ಸಮೀಕ್ಷೆ ಮಾಡಿ ತಯಾರಿಸುವ ಪಟ್ಟಿ ಇವರ ಬಳಿ ಮೊದಲೇ ಇರುತ್ತೆ. ಜೂನ್ 27ರಿಂದ ಜುಲೈ 10ರವರೆಗೆ ಅಗತ್ಯ ಸೇವೆಗಳನ್ನು ಬಿಟ್ಟು ಬೇರೆ ಯಾರಿಗೂ ಇಂಧನ ಇಲ್ಲ ಎಂದು ಸರ್ಕಾರ ಹೇಳಿತು. ಆರೋಗ್ಯ ಅಗತ್ಯ ಸೇವೆಯೇ, ಕಾಗದದ ಮೇಲೆ. ಬಂಕಿನ ಮುಂದೆ ಸಾಲಿನಲ್ಲಿ ನಿಂತರೆ ಇವತ್ತು ಸಿಗುತ್ತೋ ನಾಳೆಯೋ ಹೇಳುವಂತಿರಲಿಲ್ಲ. “ಸಾಲಲ್ಲಿ ನಿಂತರೆ ತೂಕ ನೋಡೋದು ಯಾರು?” ಅಂತ ಆಕೆ ಕೇಳಿದರು. ಹತ್ತಿರದ ಮನೆಗಳಿಗೆ ನಡೆದು ಹೋಗುತ್ತಿದ್ದರು. ಗುಡ್ಡದ ಮೇಲಿನ ಲೈನುಗಳು ಬಿಟ್ಟುಹೋಗುತ್ತಿದ್ದವು. ಸೊರಗಿದ ಮಕ್ಕಳು ಜಾಸ್ತಿ ಇದ್ದದ್ದು ಅಲ್ಲೇ.

ನನ್ನ ಪೆಟ್ರೋಲ್ ಮಾತಿನ ಹಿನ್ನೆಲೆ ಇದು. ಆ ದಿನಗಳಲ್ಲಿ ಮಗುವಿಗೆ ಬೇಕಾದ್ದರಲ್ಲಿ ಅರ್ಧ ವ್ಯವಸ್ಥೆ ಆಗಲೇ ಇತ್ತು. ನಿಂತುಹೋಗದಂತೆ ನೋಡಿಕೊಳ್ಳಬೇಕಿತ್ತು. ಕರೆಂಟ್ ದಿನಕ್ಕೆ 13 ಗಂಟೆಯವರೆಗೆ ಹೋಗುತ್ತಿದ್ದಾಗ 2ರಿಂದ 8 ಡಿಗ್ರಿಯಲ್ಲಿಡಬೇಕಾದ ಲಸಿಕೆಗೆ ಜನರೇಟರ್ ಡೀಸೆಲ್ ಬೇಕು. ತೂಕದ ಯಂತ್ರಕ್ಕೆ ಸೆಲ್ ಬೇಕು. ಇಂಥದ್ದಕ್ಕೆ ದಾನ ಕೊಡುವವರು ಸಿಗುವುದು ಕಷ್ಟ. ಡೀಸೆಲ್ ಕ್ಯಾನಿನ ಪಕ್ಕ ನಿಂತು ಯಾರು ಫೋಟೊ ತೆಗೆಸಿಕೊಳ್ಳುತ್ತಾರೆ?

ಹಾಗಾದರೆ ಹಾಲಿನ ಡಬ್ಬ ಯಾಕೆ ಬೇಡ? ಶ್ರೀಲಂಕಾದಲ್ಲಿ ಆರು ತಿಂಗಳೊಳಗಿನ ಕೂಸುಗಳಲ್ಲಿ ನೂರಕ್ಕೆ 82 ಬರೀ ಎದೆಹಾಲು ಕುಡಿಯುತ್ತಿದ್ದವು. ಇದು ದೊಡ್ಡ ಆಸ್ತಿ. ಬಿಟ್ಟಿ ಡಬ್ಬ ಮನೆಗೆ ಬಂದರೆ “ನನ್ನ ಹಾಲು ಸಾಲದೇನೋ” ಎಂಬ ಅನುಮಾನ ತಾಯಿಗೆ ಬರುತ್ತೆ. ಮಗು ಬಾಟಲಿಗೆ ಹೋದಷ್ಟು ಎದೆಹಾಲು ಕಡಿಮೆಯಾಗುತ್ತೆ. ಮೂರು ವಾರಕ್ಕೆ ಡಬ್ಬ ಖಾಲಿ. ಅಷ್ಟು ಹೊತ್ತಿಗೆ ಎದೆಯೂ ಬತ್ತಿರುತ್ತೆ, ಅಂಗಡಿಯ ಡಬ್ಬ ಕೈಗೆಟುಕುವುದಿಲ್ಲ. ಗ್ಯಾಸ್ ಇಲ್ಲದ ಮನೆಯಲ್ಲಿ ನೀರು ಕುದಿಸುವುದು, ಬಾಟಲಿ ಕುದಿಸುವುದು ಎಲ್ಲಿಂದ ಬಂತು? ಭೇದಿ ಶುರುವಾಗುತ್ತೆ. ತುರ್ತು ಹೊತ್ತಿನಲ್ಲಿ ಶಿಶು ಆಹಾರದ ಡಬ್ಬವನ್ನು ದಾನವಾಗಿ ಪಡೆಯಬಾರದು ಎಂದು ಜಗತ್ತಿನಲ್ಲೆಲ್ಲ ಈ ಕೆಲಸದವರು ಪಾಲಿಸುವ ನಿಯಮವೇ ಇದೆ. ತಾಯಿ ಇಲ್ಲದ ಕೂಸಿಗೆ ಕೊಡಲೇಬೇಕು, ಕೊಡುತ್ತೇವೆ. ಆದರೆ ಲೆಕ್ಕವಿಟ್ಟು, ಮನೆಗೆ ಹೋಗಿ ಕಲಿಸಿ, ಆ ಮಗುವಿಗೆ ಬೇಕಾದಷ್ಟು ತಿಂಗಳು ಕೊಡುತ್ತೇವೆ. ದೊಡ್ಡ ಮಕ್ಕಳ ಮನೆಗೆ ಕೊಡುವ ಮಾಮೂಲಿ ಹಾಲಿನ ಪುಡಿ ಬೇರೆ ವಿಷಯ. ಆ ಮೇ ತಿಂಗಳಲ್ಲಿ ತಮಿಳುನಾಡು ಅಕ್ಕಿ, ಔಷಧಿ ಜೊತೆಗೆ ಹಾಲಿನ ಪುಡಿಯನ್ನೂ ಹಡಗಿನಲ್ಲಿ ಕಳಿಸಿತ್ತು. ಅದರಿಂದ ಉಪಕಾರವಾಯಿತು. ಕೂಸಿನ ಬಾಟಲಿಗೆ ಸೇರದಂತೆ ನೋಡಿಕೊಳ್ಳುವ ಕೆಲಸ ಮಾತ್ರ ನಮ್ಮ ತಲೆಗೆ ಬಿತ್ತು.

ಔಷಧಿಯದ್ದೂ ಇದೇ ಪಾಡು. ಒಂದು ಗೋದಾಮಿನಲ್ಲಿ ಮೂರು ದಿನ ಕೂತು ದಾನದ ಪೆಟ್ಟಿಗೆ ಬಿಚ್ಚಿದ್ದೇನೆ. ವಯಸ್ಸಾದವರ ಕೊಲೆಸ್ಟರಾಲ್ ಮಾತ್ರೆ, ಅರ್ಧ ಖಾಲಿಯಾದ ಸ್ಟ್ರಿಪ್, ಎರಡು ತಿಂಗಳಿಗೆ ಅವಧಿ ಮುಗಿಯುವ ಸಿರಪ್. ಕಳಿಸಿದವರ ಮನಸ್ಸು ಒಳ್ಳೆಯದೇ. ಆದರೆ ತಲುಪುವ ಹೊತ್ತಿಗೆ ಕನಿಷ್ಠ ಒಂದು ವರ್ಷ ಅವಧಿ ಉಳಿದಿರಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ಸುಮ್ನೆ ಅಲ್ಲ. ಭೇದಿಯಾದ ಮಗುವಿಗೆ ಬೇಕಿದ್ದ ಓಆರ್‌ಎಸ್, ಸತುವಿನ ಮಾತ್ರೆ ಆ ರಾಶಿಯಲ್ಲಿ ಒಂದೂ ಸಿಗಲಿಲ್ಲ.

ನನ್ನನ್ನು ಕೇಳಿದರೆ ಇಂಥ ಬಿಕ್ಕಟ್ಟಿನಲ್ಲಿ ಮನೆಗೆ ನೇರವಾಗಿ ದುಡ್ಡು ಕೊಡುವುದು ಒಳ್ಳೆಯದು. ಅಂಗಡಿ ತೆರೆದಿದೆ, ಸಾಮಾನಿದೆ, ಜೇಬು ಖಾಲಿ. ನೆರವಿನ ಡಾಲರ್ ದೇಶದೊಳಕ್ಕೆ ಬರುವುದರಿಂದ ಬ್ಯಾಂಕಿಗೂ ಉಸಿರು. “ಕುಡಿದು ಹಾಳು ಮಾಡ್ತಾರೆ” ಅನ್ನುವ ಮಾತು ಕೇಳಿ ಕೇಳಿ ಸಾಕಾಗಿದೆ. ವಿಶ್ವಬ್ಯಾಂಕಿನ ಅರ್ಥಶಾಸ್ತ್ರಜ್ಞರು 2014ರಲ್ಲಿ ಹಲವು ದೇಶಗಳ ಅಧ್ಯಯನ ಒಟ್ಟಿಗೆ ಇಟ್ಟು ನೋಡಿದರು. ನಗದು ಕೊಟ್ಟಿದ್ದಕ್ಕೆ ಹೆಂಡ, ತಂಬಾಕಿನ ಖರ್ಚು ಏರಿದ್ದು ಕಾಣಲಿಲ್ಲ. ತೊಡಕು ಇರುವುದು ಬೇರೆ ಕಡೆ. ಮೊತ್ತ ನಿಗದಿ ಮಾಡಿ ಮೂರು ತಿಂಗಳು ಕಾಗದ ಓಡಾಡುವಷ್ಟರಲ್ಲಿ ಬೆಲೆ ಏರಿ ಅದು ಕರಗಿರುತ್ತೆ. ಕೊಡುವ ಪಟ್ಟಿ ಹಳೆಯದು. ಕೊಲಂಬೊದ ತ್ರೀವೀಲರ್ ಚಾಲಕ ಹಿಂದಿನ ವರ್ಷದವರೆಗೆ ಬಡವನಲ್ಲ, ಹಾಗಾಗಿ ಸರ್ಕಾರ ಬಡವರಿಗೆ ದುಡ್ಡು ಕೊಡುತ್ತಿದ್ದ ಸಮೃದ್ಧಿ ಯೋಜನೆಯ ಪಟ್ಟಿಯಲ್ಲಿ ಅವನಿರಲಿಲ್ಲ. ಪೆಟ್ರೋಲ್ ಸಾಲಿನಲ್ಲಿ ಗಾಡಿ ನಿಲ್ಲಿಸಿ ಮಲಗಿದ್ದವನ ಮನೆಯಲ್ಲೂ ಎರಡು ಮಕ್ಕಳಿದ್ದವು. ಇನ್ನು ಕೆಂಪಿಗೆ ಇಳಿದ ಮಗುವಿಗೆ ದುಡ್ಡು ಸಾಲದು, ಅದಕ್ಕೆ ಚಿಕಿತ್ಸೆಯ ಆಹಾರವೇ ಬೇಕು. ಕಡಲೆಕಾಯಿ ಪೇಸ್ಟಿನ 92 ಗ್ರಾಂ ಪೊಟ್ಟಣದಲ್ಲಿ 500 ಕ್ಯಾಲರಿ ಇರುತ್ತೆ. ಮಗು ನಮ್ಮೆದುರೇ ತಿಂದರೆ ಮನೆಗೆ ಕಳಿಸುತ್ತೇವೆ, ಮುಖ ತಿರುಗಿಸಿದರೆ ಆಸ್ಪತ್ರೆಗೆ.

ಶಾಲೆಯ ಊಟದ ಬಗ್ಗೆ ಒಂದೇ ಮಾತು. ಇಂಧನವಿಲ್ಲ ಎಂದು ಜೂನ್, ಜುಲೈನಲ್ಲಿ ಶಾಲೆ ಮುಚ್ಚಿದಾಗ ಪಾಠ ಹೋಯಿತು ಅಂತ ಎಲ್ಲರೂ ಬರೆದರು. ಆ ದಿನದ ಒಂದೇ ಹೊಟ್ಟೆ ತುಂಬಾ ಊಟವೂ ಹೋಯಿತು ಅಂತ ಬರೆದವರು ಕಮ್ಮಿ.

ಫೋನ್ ಮಾಡಿದ್ದವರು ಕೊನೆಗೆ ಒಪ್ಪಿದರು. ಅವರ ದುಡ್ಡಿನಲ್ಲಿ ಒಂದಿಷ್ಟು ತಾಯಂದಿರಿಗೆ ಮೊಟ್ಟೆ, ಬೇಳೆಗೆಂದು ನಗದು ಹೋಯಿತು. ಒಂದಿಷ್ಟು ಮಿಡ್‌ವೈಫ್‌ಗಳ ಓಡಾಟಕ್ಕೆ ಹೋಯಿತು. ಇಂಧನಕ್ಕೆ ಕ್ಯೂಆರ್ ಕೋಡಿನ ಪಾಸ್ ಬಂದ ಮೇಲೆ ಸಾಲೂ ಕರಗಿತು. ನವೆಂಬರಿನಲ್ಲಿ ಅದೇ ಗುಡ್ಡದ ಲೈನಿಗೆ ಆ ಮಿಡ್‌ವೈಫ್ ಜೊತೆ ಹೋದೆ, ಅವರ ಸ್ಕೂಟರಿನ ಹಿಂದೆ ಕೂತು. ಹುಡುಗ ಬಾಗಿಲಲ್ಲೇ ಇದ್ದ. ಬಾಟಲಿ ಬಿಟ್ಟಿದ್ದ, ಟೀ ಬಿಟ್ಟಿರಲಿಲ್ಲ, ಈಗ ಲೋಟದಲ್ಲಿ. ಟೇಪ್ ಸುತ್ತಿದೆವು. 12.3. ಇನ್ನೂ ಹಳದಿಯೇ. ಓದಿ ಮುಗಿಸುವ ಮೊದಲೇ ಟೇಪ್ ಕಸಿದುಕೊಂಡು ಬಾಯಿಗೆ ಹಾಕಿಕೊಂಡ. “ಹಸಿವಾಗಿದೆ ಇವನಿಗೆ, ಒಳ್ಳೇದು” ಅಂದ ಮಿಡ್‌ವೈಫ್ ಅಂಕಿ ಬರೆದುಕೊಂಡು, ಟೇಪ್ ಒರೆಸಿ, ಪಕ್ಕದ ಮನೆಯ ಬಾಗಿಲು ತಟ್ಟಿದರು.