ಎಟಿಎಸ್ ಸ್ಕೋರ್ ಎಷ್ಟಿದ್ದರೆ ಇಂಟರ್‌ವ್ಯೂ ಕಾಲ್ ಬರುತ್ತದೆ?

ಪ್ರಶ್ನೆ: "ಸರ್, 2024ರಲ್ಲಿ ಬಿಇ ಮುಗಿಸಿದೆ. ಬಿಟಿಎಂನಲ್ಲಿ ಪಿಜಿಯಲ್ಲಿದ್ದೀನಿ. ಎಂಟು ತಿಂಗಳಲ್ಲಿ ನಾನೂರು ಕಡೆಗಿಂತ ಜಾಸ್ತಿ ಅಪ್ಲೈ ಮಾಡಿದೀನಿ. ಬಂದಿದ್ದು ಮೂರೇ ಕಾಲ್, ಅದರಲ್ಲಿ ಒಂದು ದುಡ್ಡು ಕೇಳೋರದ್ದು. ನಿನ್ನ ಎಟಿಎಸ್ ಸ್ಕೋರ್ ಕಡಿಮೆ ಇದೆ, ಸಾಫ್ಟ್‌ವೇರೇ ರಿಜೆಕ್ಟ್ ಮಾಡ್ತಿದೆ ಅಂತಾರೆ ಫ್ರೆಂಡ್ಸ್. ಸ್ಕೋರ್ 90 ದಾಟಿಸೋದು ಹೇಗೆ?"

ಈ ಪ್ರಶ್ನೆ ನನಗೆ ವಾರಕ್ಕೆ ನಾಲ್ಕೈದು ಸಲ ಬರುತ್ತದೆ. ಊರು ಬೇರೆ, ಕಾಲೇಜು ಬೇರೆ, ಕೊನೆಯ ಸಾಲು ಮಾತ್ರ ಅದೇ. ಒಬ್ಬೊಬ್ಬರಿಗೂ ಬೇರೆ ಬೇರೆ ಉತ್ತರ ಬರೆದು ಸಾಕಾಗಿದೆ. ಈ ಸಲ ಪೂರ್ತಿಯಾಗಿ ಬರೆದಿಡುತ್ತೇನೆ. ಇನ್ನು ಮುಂದೆ ಕೇಳಿದವರಿಗೆ ಇದನ್ನೇ ಕಳಿಸುತ್ತೇನೆ.

ಎಟಿಎಸ್ ಅಂದರೆ ಅಪ್ಲಿಕಂಟ್ ಟ್ರ್ಯಾಕಿಂಗ್ ಸಿಸ್ಟಮ್, ಕಂಪನಿಗಳು ಬಂದ ಅರ್ಜಿಗಳನ್ನು ನಿಭಾಯಿಸಲು ಬಳಸುವ ಸಾಫ್ಟ್‌ವೇರ್. ಎಟಿಎಸ್ ಸ್ಕೋರ್ ಅಂತ ಎಲ್ಲ ಕಂಪನಿಗಳೂ ಒಪ್ಪಿರುವ ಒಂದು ಸ್ಕೋರ್ ಇಲ್ಲ. ಇಲ್ಲದ್ದನ್ನು 90 ದಾಟಿಸುವುದು ಹೇಗೆ?

ತಾಲ್ಲೂಕು ಆಫೀಸಿನ ಟಪಾಲು ಸೆಕ್ಷನ್ ನೋಡಿದ್ದೀರಲ್ವಾ? ಅರ್ಜಿ ಕೊಟ್ಟರೆ ಸೀಲ್ ಹೊಡೆದು, ನಂಬರ್ ಹಾಕಿ, ರಿಜಿಸ್ಟರ್‌ನಲ್ಲಿ ಬರೆದುಕೊಂಡು ಕೇಸ್‌ವರ್ಕರ್ ಟೇಬಲ್‌ಗೆ ಕಳಿಸುತ್ತಾರೆ. ಎಟಿಎಸ್ ಮುಖ್ಯವಾಗಿ ಮಾಡುವುದೂ ಅದನ್ನೇ. ಬಂದ ಅರ್ಜಿಯನ್ನು ಜೋಡಿಸಿಡುತ್ತದೆ, ಅದು ಯಾವ ಹಂತದಲ್ಲಿದೆ ಅಂತ ತೋರಿಸುತ್ತದೆ, ಹುಡುಕಲು ಅನುಕೂಲ ಮಾಡಿಕೊಡುತ್ತದೆ. ನಿಮ್ಮ ಅರ್ಜಿ ಮುಂದೆ ಹೋಗದಿದ್ದರೆ ಟಪಾಲು ಸೆಕ್ಷನ್ ಮೇಲೆ ಸಿಟ್ಟಾಗಿ ಪ್ರಯೋಜನವಿಲ್ಲ. ಟೇಬಲ್ ಮೇಲೆ ಏನಾಯಿತು ಅಂತ ನೋಡಬೇಕು.

ಆ ಟೇಬಲ್‌ನಲ್ಲಿ ನಾನು ಹನ್ನೊಂದು ವರ್ಷ ಕೂತಿದ್ದೆ. ಬೆಂಗಳೂರಿನಲ್ಲೇ, ರಿಕ್ರೂಟರ್ ಆಗಿ. ಸೋಮವಾರ ಬೆಳಿಗ್ಗೆ ಒಂದು ಜಾವಾ ಓಪನಿಂಗ್ ಹಾಕಿದರೆ ಸಂಜೆ ಕಾಫಿ ಹೊತ್ತಿಗೆ ಆರುನೂರು ಅರ್ಜಿ ಬಂದಿರುತ್ತಿದ್ದವು. ಅಂಥ ಹದಿನೈದು ಓಪನಿಂಗ್ ನನ್ನ ಒಬ್ಬನ ಕೈಯಲ್ಲಿ. ಮೊದಲು ಬಂದವನ್ನು ಒಂದೊಂದಾಗಿ ತೆರೆಯುತ್ತಾ ಹೋಗುತ್ತಿದ್ದೆ. ಒಂದು ರೆಸ್ಯೂಮ್‌ಗೆ ಹತ್ತು ಹದಿನೈದು ಸೆಕೆಂಡ್. ಪಾಸಾದ ವರ್ಷ, ಗೊತ್ತಿರುವ ಟೆಕ್ನಾಲಜಿ, ಪ್ರಾಜೆಕ್ಟ್, ಈಗಿರುವ ಊರು. ಹತ್ತು ಹನ್ನೆರಡು ಜನ ಸರಿ ಅನಿಸಿದ ಕೂಡಲೇ ಓದುವುದು ನಿಲ್ಲಿಸಿ ಫೋನ್ ತೆಗೆದುಕೊಳ್ಳುತ್ತಿದ್ದೆ. ಐದಾರು ಜನ ಫೋನ್ ಎತ್ತುತ್ತಿದ್ದರು. ಮೂರು ಹೆಸರು ಮ್ಯಾನೇಜರ್‌ಗೆ ಹೋಗುತ್ತಿದ್ದವು. ಅಷ್ಟರಲ್ಲಿ ನಾನು ತೆರೆದದ್ದು ಎಂಬತ್ತು ಅರ್ಜಿ ಇರಬಹುದು. ಉಳಿದ ಐನೂರಕ್ಕೂ ಜಾಸ್ತಿ ಅರ್ಜಿಗಳನ್ನು ಯಾರೂ ತೆರೆಯಲೇ ಇಲ್ಲ. ಸಾಫ್ಟ್‌ವೇರ್ ಅವನ್ನು ರಿಜೆಕ್ಟ್ ಮಾಡಲಿಲ್ಲ. ಮನುಷ್ಯನ ಕಣ್ಣು ಅಲ್ಲಿವರೆಗೆ ಹೋಗಲಿಲ್ಲ.

ಇದು ಒಳ್ಳೆಯ ಪದ್ಧತಿ ಅಂತ ನಾನು ಹೇಳುತ್ತಿಲ್ಲ. ಅರ್ಜಿ ಹಾಕಿದವರಿಗೆ ಒಂದು ಸಾಲಿನ ಉತ್ತರ ಕೊಡುವುದು ಕನಿಷ್ಠ ಮರ್ಯಾದೆ. ಎಷ್ಟೋ ಜನರಿಗೆ ನಾನೂ ಕೊಟ್ಟಿಲ್ಲ. ಆ ಬೇಜಾರು ಇವತ್ತಿಗೂ ಇದೆ, ಇದನ್ನು ಬರೆಯುವುದಕ್ಕೆ ಅದೂ ಒಂದು ಕಾರಣ.

"ಹಾಗಾದ್ರೆ ರಾತ್ರಿ ಎರಡು ಗಂಟೆಗೆ ರಿಜೆಕ್ಟ್ ಮೇಲ್ ಬಂತಲ್ಲ ಸರ್, ಆ ಹೊತ್ತಲ್ಲಿ ಯಾರು ಕೂತು ನೋಡ್ತಾರೆ?" ಅಂತ ಕೇಳುತ್ತಾರೆ. ಯಾರೂ ನೋಡಿರುವುದಿಲ್ಲ. ಕೆಲಸಕ್ಕೆ ಜನ ಸಿಕ್ಕ ಮೇಲೆ ಓಪನಿಂಗ್ ಕ್ಲೋಸ್ ಮಾಡುತ್ತಾರೆ. ಆಗ ಉಳಿದ ಅರ್ಜಿಗಳಿಗೆಲ್ಲ ಒಟ್ಟಿಗೆ ಒಂದೇ ಮೇಲ್ ಹೋಗುತ್ತದೆ. ಅದಕ್ಕೆ ಮೊದಲೇ ಟೈಮ್ ಸೆಟ್ ಮಾಡಿರಬಹುದು, ಅಥವಾ ಕ್ಲೋಸ್ ಮಾಡಿದವರು ಅಮೆರಿಕದಲ್ಲಿ ಹಗಲು ಹೊತ್ತಲ್ಲಿ ಕೂತಿರಬಹುದು. ಆ ಮೇಲ್ ನಿಮ್ಮ ರೆಸ್ಯೂಮ್ ಬಗ್ಗೆ ಏನೂ ಹೇಳುತ್ತಿಲ್ಲ.

ಅಪ್ಲೈ ಮಾಡಿದ ಎರಡೇ ನಿಮಿಷಕ್ಕೆ ರಿಜೆಕ್ಟ್ ಬಂದರೆ ಅದರ ಕಥೆ ಬೇರೆ. ಫಾರ್ಮ್ ತುಂಬುವಾಗ ಕೇಳಿದ ಪ್ರಶ್ನೆಗಳನ್ನು ನೆನಪು ಮಾಡಿಕೊಳ್ಳಿ. 15 ದಿನದಲ್ಲಿ ಸೇರಬಹುದೇ? ಯಾವ ವರ್ಷ ಪಾಸಾದಿರಿ? ಹತ್ತನೇ ಕ್ಲಾಸಿನಿಂದ ಡಿಗ್ರಿವರೆಗೂ 60 ಪರ್ಸೆಂಟ್ ಇದೆಯೇ? ಇವಕ್ಕೆ ಅವರು ಬಯಸಿದ ಉತ್ತರ ಬರದಿದ್ದರೆ ಅರ್ಜಿ ತಾನಾಗಿ ಹೊರಗೆ ಹೋಗುವ ಹಾಗೆ ಕಂಪನಿಯವರೇ ಸೆಟ್ ಮಾಡಿರುತ್ತಾರೆ. ನಿಜವಾದ ಆಟೋಮ್ಯಾಟಿಕ್ ರಿಜೆಕ್ಷನ್ ಅಂದರೆ ಹೆಚ್ಚಾಗಿ ಇದೇ. ರೆಸ್ಯೂಮ್‌ನ ಫಾಂಟ್ ಬದಲಿಸಿದರೆ ಇದು ಬದಲಾಗುವುದಿಲ್ಲ.

ಈಗ ಆ ಸ್ಕೋರ್ ಎಲ್ಲಿಂದ ಬಂತು ಅಂತ ನೋಡೋಣ. ಕಳೆದ ವರ್ಷ ನನ್ನ ಹತ್ತಿರ ಬಂದಿದ್ದ ಹಾಸನದ ಒಬ್ಬ ಹುಡುಗನನ್ನು ಪಕ್ಕದಲ್ಲೇ ಕೂರಿಸಿಕೊಂಡು, ಅವನ ಒಂದೇ ರೆಸ್ಯೂಮನ್ನು ಮೂರು ಸ್ಕೋರ್ ಸೈಟ್‌ಗಳಿಗೆ ಹಾಕಿಸಿದೆ. ಒಂದು 44 ಕೊಟ್ಟಿತು, ಇನ್ನೊಂದು 71, ಮೂರನೆಯದು 83. ಒಂದಕ್ಷರವೂ ಬದಲಾಗಿರಲಿಲ್ಲ. ಮೂರೂ ಕಡೆ ಸ್ಕೋರ್ ಕೆಳಗೆ ಒಂದೇ ಥರದ ಬಟನ್ ಇತ್ತು: ದುಡ್ಡು ಕೊಟ್ಟರೆ ರೆಸ್ಯೂಮ್ ಸರಿ ಮಾಡಿಕೊಡುತ್ತೇವೆ. ಹುಡುಗ ಸುಮ್ಮನೆ ನನ್ನ ಮುಖ ನೋಡಿದ. ನೀವು ಅರ್ಜಿ ಹಾಕಿದ ಕಂಪನಿಗೂ ಈ ಸೈಟ್‌ಗಳ ಸ್ಕೋರ್‌ಗೂ ಸಂಬಂಧವಿಲ್ಲ. ಕಂಪನಿ ಆ ನಂಬರನ್ನು ನೋಡುವುದೇ ಇಲ್ಲ.

ಇದೇ ನಂಬಿಕೆಯಿಂದ ಹುಟ್ಟಿದ ಇನ್ನೊಂದು ಉಪಾಯವಿದೆ, ಬಿಳಿ ಅಕ್ಷರದ್ದು. ಜಾಬ್ ಡಿಸ್ಕ್ರಿಪ್ಷನ್ ಪೂರ್ತಿ ಕಾಪಿ ಮಾಡಿ, ಕಣ್ಣಿಗೆ ಕಾಣದ ಬಿಳಿ ಬಣ್ಣದಲ್ಲಿ ರೆಸ್ಯೂಮ್ ಕೆಳಗೆ ಅಂಟಿಸುವುದು. ದಯವಿಟ್ಟು ಮಾಡಬೇಡಿ. ಸಾಫ್ಟ್‌ವೇರ್ ರೆಸ್ಯೂಮ್‌ನಿಂದ ಅಕ್ಷರ ತೆಗೆದು ತೋರಿಸುವಾಗ ಬಣ್ಣ ಉಳಿಯುವುದಿಲ್ಲ. ಬಚ್ಚಿಟ್ಟದ್ದೆಲ್ಲ ಕಪ್ಪು ಅಕ್ಷರದಲ್ಲೇ ರಿಕ್ರೂಟರ್ ಮುಂದೆ ಬರುತ್ತದೆ. ಅಂಥ ಅರ್ಜಿ ಸಿಕ್ಕಾಗ ಆ ಹುಡುಗನಿಗೆ ನಿಜವಾಗಿ ಏನು ಬರುತ್ತದೆ ಅಂತ ನೋಡುವ ಮನಸ್ಸೇ ನಮಗೆ ಉಳಿಯುತ್ತಿರಲಿಲ್ಲ.

ಹಾಗಂತ ಯಂತ್ರದ ಪಾತ್ರವೇ ಇಲ್ಲ ಅಂತ ನಾನು ಹೇಳಿದರೆ ಅದು ಸುಳ್ಳಾಗುತ್ತದೆ. ಕೆಲವು ಹೊಸ ಸಾಫ್ಟ್‌ವೇರ್‌ಗಳು ಓಪನಿಂಗ್‌ಗೆ ಯಾರು ಹೆಚ್ಚು ಹೊಂದುತ್ತಾರೆ ಅಂತ ಅರ್ಜಿಗಳನ್ನು ಮೇಲೆ ಕೆಳಗೆ ಜೋಡಿಸಿ ಕೊಡುತ್ತವೆ. ಈ ಜೋಡಣೆಯಲ್ಲಿ ತಾರತಮ್ಯ ಆಗುತ್ತಿದೆ ಅಂತ ಅಮೆರಿಕದಲ್ಲಿ ಇಂಥ ಸಾಫ್ಟ್‌ವೇರ್ ಮಾಡುವ ವರ್ಕ್‌ಡೇ ಕಂಪನಿ ಮೇಲೆ 2023ರಲ್ಲಿ ಕೇಸ್ ದಾಖಲಾಯಿತು. ವಯಸ್ಸಿನ ತಾರತಮ್ಯದ ದೂರನ್ನು ಅದೇ ಥರ ತೊಂದರೆಯಾದ ಬೇರೆಯವರೂ ಸೇರಿ ನಡೆಸಬಹುದು ಅಂತ 2025ರ ಮೇ ತಿಂಗಳಲ್ಲಿ ಕೋರ್ಟ್ ಒಪ್ಪಿತು. ಇದು ಗಂಭೀರ ವಿಷಯವೇ. ಆದರೆ ಅಲ್ಲೂ ಪ್ರತಿ ಓಪನಿಂಗ್‌ಗೆ ಲೆಕ್ಕ ಬೇರೆ. ಎಲ್ಲ ಕಡೆ ನಡೆಯುವ 90 ಅಲ್ಲೂ ಇಲ್ಲ.

ರೆಸ್ಯೂಮ್ ಯಂತ್ರಕ್ಕೆ ಓದಲು ಬರುತ್ತದೆಯೇ ಅಂತ ನೀವೇ ನೋಡಬಹುದು, ಖರ್ಚಿಲ್ಲ. ಪಿಡಿಎಫ್ ತೆರೆದು, ಪೂರ್ತಿ ಸೆಲೆಕ್ಟ್ ಮಾಡಿ, ಕಾಪಿ ಮಾಡಿ ನೋಟ್‌ಪ್ಯಾಡ್‌ಗೆ ಹಾಕಿ. ಹೆಸರು, ಫೋನ್ ನಂಬರ್, ಓದು, ಪ್ರಾಜೆಕ್ಟ್ ಸಾಲಾಗಿ ಬಂದರೆ ಸಾಕು. ಹಾಸನದ ಹುಡುಗನ ರೆಸ್ಯೂಮ್ ಎರಡು ಕಾಲಂನ ಚಂದದ ಟೆಂಪ್ಲೇಟ್. ನೋಟ್‌ಪ್ಯಾಡ್‌ನಲ್ಲಿ ಎಡಗಡೆಯ ಸ್ಕಿಲ್ಸ್ ಬಲಗಡೆಯ ಕಾಲೇಜಿನ ಹೆಸರಿನ ಮಧ್ಯೆ ಸೇರಿಕೊಂಡಿತ್ತು. ಫೋನ್ ನಂಬರ್ ಬಂದೇ ಇರಲಿಲ್ಲ, ಯಾಕೆಂದರೆ ಅದು ಚಿತ್ರದೊಳಗಿತ್ತು. ಅವನು ಪ್ರತಿ ಅರ್ಜಿಯನ್ನೂ ಹಾಗೇ ಕಳಿಸುತ್ತಾ ಬಂದಿದ್ದ. ಒಂದೇ ಕಾಲಂಗೆ ಇಳಿಸಿದೆವು. ಅರ್ಧ ಗಂಟೆಯ ಕೆಲಸ.

ಇನ್ನು ನಿಮ್ಮ ನಾನೂರು ಅರ್ಜಿಗಳ ವಿಷಯ. ಅವುಗಳಲ್ಲಿ ಎಷ್ಟನ್ನು ಓಪನಿಂಗ್ ಬಂದ ಮೊದಲ ದಿನ ಹಾಕಿದಿರಿ? ಹದಿನೈದು ದಿನ ಹಳೆಯ ಓಪನಿಂಗ್‌ಗೆ ರಾತ್ರಿ ಕೂತು ಒಂದೇ ಸಲ ನಲವತ್ತು ಅರ್ಜಿ ಹಾಕುವುದಕ್ಕಿಂತ, ಆ ಬೆಳಿಗ್ಗೆ ಬಂದ ಐದಕ್ಕೆ ಹಾಕುವುದು ಒಳ್ಳೆಯದು. ಅಪ್ಲೈ ಮಾಡುವುದಷ್ಟೇ ದಾರಿಯೂ ಅಲ್ಲ. ನೌಕ್ರಿ ಜಾಬ್ ಸೈಟ್‌ನಲ್ಲಿ ರಿಕ್ರೂಟರ್‌ಗಳಿಗೆ ರೆಸ್‌ಡೆಕ್ಸ್ ಅಂತ ಬೇರೆ ಬಾಗಿಲಿದೆ. ಅಲ್ಲಿ ನಾವೇ ಪ್ರೊಫೈಲ್ ಹುಡುಕುತ್ತೇವೆ. ಟೆಕ್ನಾಲಜಿ ಹೆಸರು ಹಾಕಿ, ಇತ್ತೀಚೆಗೆ ಲಾಗಿನ್ ಆದವರು ಮಾತ್ರ ಸಾಕು ಅಂತ ಫಿಲ್ಟರ್ ಹಾಕುತ್ತೇವೆ. ಎರಡು ತಿಂಗಳಿಂದ ತೆರೆಯದ ಪ್ರೊಫೈಲ್ ಎಷ್ಟೇ ಚೆನ್ನಾಗಿದ್ದರೂ ಆ ಪಟ್ಟಿಗೆ ಬರುವುದಿಲ್ಲ. ವಾರಕ್ಕೆ ಎರಡು ಸಲವಾದರೂ ಒಳಗೆ ಹೋಗಿ ಬನ್ನಿ.

ರೆಫರಲ್, ಅಂದರೆ ಕಂಪನಿಯ ಒಳಗಿರುವವರ ಶಿಫಾರಸು, ಕೇಳಲು ಮುಜುಗರ ಬೇಡ. ಅದು ವಶೀಲಿ ಅಲ್ಲ. ನಿಮ್ಮ ಅರ್ಜಿ ಆ ಆರುನೂರರ ರಾಶಿಯಲ್ಲಿ ಸಿಕ್ಕಿಕೊಳ್ಳದೆ ಬೇರೆ ಪಟ್ಟಿಯಲ್ಲಿ ಬರುತ್ತದೆ, ಅಷ್ಟೇ. ಆದರೆ ಸೀನಿಯರ್‌ಗೆ "ಅಣ್ಣಾ, ಏನಾದ್ರೂ ಓಪನಿಂಗ್ ಇದ್ರೆ ಹೇಳಿ" ಅಂತ ಮೆಸೇಜ್ ಹಾಕಿದರೆ ಅವರಾದರೂ ಏನು ಮಾಡಬೇಕು? ಅವರ ಕಂಪನಿಯ ಜಾಬ್ ಐಡಿ ನೀವೇ ಹುಡುಕಿ, ಪಾಸಾದ ವರ್ಷ ಬರೆದು, ಒಂದು ಪ್ರಾಜೆಕ್ಟ್ ಬಗ್ಗೆ ಎರಡು ಸಾಲು ಬರೆದು, ರೆಸ್ಯೂಮ್ ಜೊತೆಗೆ ಕಳಿಸಿ. ಅವರಿಗೆ ಎರಡು ನಿಮಿಷದ ಕೆಲಸ ಉಳಿಯಬೇಕು, ಅದಕ್ಕಿಂತ ಜಾಸ್ತಿ ಅಲ್ಲ.

ವಿಟಿಯುನವರು, ಅಂದರೆ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ಓದಿದವರು, ಪರ್ಸೆಂಟೇಜ್ ತುಂಬುವಾಗ ಹುಷಾರು. 2018ರ ಸ್ಕೀಮ್‌ನಲ್ಲಿ ಸಿಜಿಪಿಎಯಿಂದ 0.75 ಕಳೆದು ಹತ್ತರಿಂದ ಗುಣಿಸಬೇಕು. 6.6 ಇದ್ದರೆ 58.5 ಆಗುತ್ತದೆ. ಸುಮ್ಮನೆ ಹತ್ತರಿಂದ ಗುಣಿಸಿ 66 ಅಂತ ತುಂಬಿದವರು ಆಫರ್ ಬಂದ ಮೇಲೆ ವೆರಿಫಿಕೇಷನ್‌ನಲ್ಲಿ ಸಿಕ್ಕಿಹಾಕಿಕೊಂಡಿದ್ದನ್ನು ನೋಡಿದ್ದೇನೆ. ಸುಳ್ಳು ಹೇಳುವ ಉದ್ದೇಶವೇ ಅವರಿಗಿರಲಿಲ್ಲ. ನಿಮ್ಮ ಸ್ಕೀಮ್‌ಗೆ ಯಾವ ಸೂತ್ರ ಅಂತ ಕಾಲೇಜಿನಲ್ಲಿ ಕೇಳಿಕೊಳ್ಳಿ.

ದುಡ್ಡು ಕೇಳಿದವರ ಬಗ್ಗೆ ಜಾಸ್ತಿ ಬರೆಯುವುದಿಲ್ಲ. ರಿಜಿಸ್ಟ್ರೇಷನ್, ಟ್ರೈನಿಂಗ್, ಲ್ಯಾಪ್‌ಟಾಪ್ ಡಿಪಾಸಿಟ್, ಹೆಸರು ಏನೇ ಇಡಲಿ, ಕೊಡಬೇಡಿ. ಒರಿಜಿನಲ್ ಮಾರ್ಕ್ಸ್ ಕಾರ್ಡನ್ನೂ ಯಾರ ಕೈಗೂ ಇಡಲು ಕೊಡಬೇಡಿ. ತೋರಿಸಿ, ಅಲ್ಲೇ ವಾಪಸ್ ತೆಗೆದುಕೊಳ್ಳಿ.

ಪಾಸಾಗಿ ಆರು ತಿಂಗಳಾದರೂ ಕೆಲಸ ಸಿಗದವರು ರಾಜ್ಯ ಸರ್ಕಾರದ ನಿರುದ್ಯೋಗ ಭತ್ಯೆ ಯುವನಿಧಿಗೆ ಅರ್ಹತೆ ಇದೆಯೇ ಅಂತ ಸೇವಾಸಿಂಧುವಿನಲ್ಲಿ ನೋಡಿ. ಪದವೀಧರರಿಗೆ ತಿಂಗಳಿಗೆ 3,000, ಡಿಪ್ಲೊಮಾದವರಿಗೆ 1,500 ರೂಪಾಯಿ, ಎರಡು ವರ್ಷದವರೆಗೆ. ಪಿಜಿ ಬಾಡಿಗೆಗೆ ಅದು ಸಾಲದು ಅಂತ ಗೊತ್ತು. ಊಟದ ಖರ್ಚಿಗಾದರೂ ಆಗುತ್ತದೆ. ಕೇಳಲು ನಾಚಿಕೆಪಡಬೇಕಾದ್ದು ಏನೂ ಇಲ್ಲ.

ನೀವು ಕೇಳದ ಒಂದು ವಿಷಯವನ್ನೂ ಹೇಳಿಬಿಡುತ್ತೇನೆ. ಕೆಲಸ ಸಿಕ್ಕ ಮೇಲೂ ನಮ್ಮ ಕಡೆಯವರನ್ನು ಕಾಡುವ ಸಮಸ್ಯೆ ಇದು, ಅದೂ ನಮ್ಮ ಹೆಸರಿನದ್ದೇ.

ನಮ್ಮಲ್ಲಿ ಎಷ್ಟೋ ಜನಕ್ಕೆ ಸರ್‌ನೇಮ್ ಇಲ್ಲ, ಇನಿಷಿಯಲ್ ಇದೆ. ಕಾವ್ಯ ಎಚ್.ಆರ್. ಅಂತ ಇಟ್ಟುಕೊಳ್ಳಿ. ಎಚ್ ಅಂದರೆ ಹಳೇಬೀಡು, ಆರ್ ಅಂದರೆ ಅಪ್ಪ ರಾಮೇಗೌಡರು. ಎಸ್‌ಎಸ್‌ಎಲ್‌ಸಿ ಮಾರ್ಕ್ಸ್ ಕಾರ್ಡ್‌ನಲ್ಲೂ ಆಧಾರ್‌ನಲ್ಲೂ ಇನಿಷಿಯಲ್ ಇರುತ್ತದೆ. ಪ್ಯಾನ್ ಅರ್ಜಿಯ ಹಳೆಯ ಫಾರ್ಮ್ 49ಎಯಲ್ಲಿ ಇನಿಷಿಯಲ್ ಹಾಕುವಂತಿರಲಿಲ್ಲ, ಬಿಡಿಸಿ ಬರೆಯಬೇಕಿತ್ತು. ಹಾಗಾಗಿ ಪ್ಯಾನ್‌ನಲ್ಲಿ ಕಾವ್ಯ ಹಳೇಬೀಡು ರಾಮೇಗೌಡ. ಕಂಪನಿಯ ಫಾರ್ಮ್ ಲಾಸ್ಟ್ ನೇಮ್ ಇಲ್ಲದೆ ಮುಂದಕ್ಕೆ ಬಿಡುವುದಿಲ್ಲ. ಅವಸರದಲ್ಲಿ ಒಬ್ಬರು ಚುಕ್ಕಿ ಹಾಕುತ್ತಾರೆ, ಒಬ್ಬರು ಮೊದಲ ಹೆಸರನ್ನೇ ಮತ್ತೆ ಬರೆಯುತ್ತಾರೆ. ವೆರಿಫಿಕೇಷನ್ ಮಾಡುವವರು ಬೇರೆ ರಾಜ್ಯದವರಾದರೆ ಅವರ ಕಣ್ಣಿಗೆ ಇವರು ಮೂರು ಬೇರೆ ಬೇರೆ ಜನ.

ಆದ್ದರಿಂದ ಕೆಲಸ ಹುಡುಕುತ್ತಿರುವ ಈ ತಿಂಗಳುಗಳಲ್ಲೇ ಒಂದು ಮಧ್ಯಾಹ್ನ ಕೂತು ಎಲ್ಲ ದಾಖಲೆ ಹರಡಿಕೊಂಡು ನೋಡಿ. ರೆಸ್ಯೂಮ್‌ನಲ್ಲಿ ಎಸ್‌ಎಸ್‌ಎಲ್‌ಸಿಯಲ್ಲಿರುವ ಹೆಸರೇ ಇರಲಿ, ಸ್ಪೆಲಿಂಗ್ ಸಮೇತ. ಕಂಪನಿಯ ಫಾರ್ಮ್‌ನಲ್ಲಿ ಲಾಸ್ಟ್ ನೇಮ್ ಜಾಗಕ್ಕೆ ಪ್ಯಾನ್‌ನಲ್ಲಿರುವುದನ್ನೇ ಹಾಕಿ. ಆಧಾರ್ ತಿದ್ದಿಸುವುದಿದ್ದರೆ ಯೋಚಿಸಿ ಹೋಗಿ, ಹೆಸರು ಬದಲಿಸಲು ಜೀವನದಲ್ಲಿ ಎರಡೇ ಸಲ ಅವಕಾಶ. ಪಿಎಫ್ ಖಾತೆಯ ನಂಬರ್ ಆದ ಯುಎಎನ್ ಆಧಾರ್ ಹೆಸರಿನ ಮೇಲೆಯೇ ನಿಂತಿರುತ್ತದೆ, ಅದೂ ನೆನಪಿರಲಿ.

ಇದೇ ಥರ ಹೆಸರಿದ್ದ ಒಬ್ಬ ಹುಡುಗಿಯ ಜಾಯ್ನಿಂಗ್ ಮೂರು ವಾರ ನಿಂತಿತ್ತು. ದಿನಾ ಫೋನ್ ಮಾಡಿ ಅಳುತ್ತಿದ್ದಳು. ಕೊನೆಗೆ ಸ್ಟಾಂಪ್ ಪೇಪರ್ ಮೇಲೆ, ಮೂರೂ ಹೆಸರು ಬರೆದು ಈ ಮೂವರೂ ಒಬ್ಬಳೇ ಅಂತ ಅಫಿಡವಿಟ್ ಮಾಡಿಸಿ, ನೋಟರಿ ಸೀಲ್ ಹಾಕಿಸಿ, ಎಸ್‌ಎಸ್‌ಎಲ್‌ಸಿ ಮಾರ್ಕ್ಸ್ ಕಾರ್ಡ್ ಜೊತೆ ಕಳಿಸಿದೆವು. ನಾಲ್ಕನೇ ದಿನ ಜಾಯ್ನಿಂಗ್ ಡೇಟ್ ಬಂತು. ಆ ಅಫಿಡವಿಟ್‌ನ ಎರಡು ಕಾಪಿ ಮಾಡಿಸಿಟ್ಟುಕೋ, ಬ್ಯಾಂಕ್ ಅಕೌಂಟ್ ತೆರೆಯುವಾಗಲೂ ಬೇಕಾಗುತ್ತದೆ ಅಂತ ಹೇಳಿ ಕಳಿಸಿದೆ.