ಹಳೇ ಡೀಸೆಲ್ ಕಾರು ಕೊಂಡಿರಾ? ಮೊದಲು ಫಿಲ್ಟರ್ ಬಿಚ್ಚಿ

ಹಳೇ ಕಾರು ಮಾರುವವರು ಕಾರಿನ ಮೈಗೆ ಪಾಲಿಶ್ ಹೊಡೆಸುತ್ತಾರೆ, ಸೀಟ್ ಕವರ್ ಬದಲಿಸುತ್ತಾರೆ, ಟೈರಿಗೆ ಕಪ್ಪು ಬಳಿಯುತ್ತಾರೆ. ಮನಸ್ಸು ಬಂದರೆ ಎಂಜಿನ್ ಆಯಿಲ್ ಕೂಡ ಹೊಸದು ಹಾಕಿಸಿರುತ್ತಾರೆ. ಡೀಸೆಲ್ ಫಿಲ್ಟರಿಗೆ ಮಾತ್ರ ಯಾರೂ ಕೈ ಹಚ್ಚುವುದಿಲ್ಲ. ಅದು ಕಣ್ಣಿಗೆ ಬೀಳುವ ಭಾಗವಲ್ಲ, ಟೆಸ್ಟ್ ಡ್ರೈವ್ ಅಂತ ಊರೊಳಗೆ ನಾಲ್ಕು ಕಿಲೋಮೀಟರ್ ಓಡಿಸಿದರೆ ಅದರ ದೋಷ ಗೊತ್ತೂ ಆಗುವುದಿಲ್ಲ. ಹಾಗಾಗಿ ಸರ್ವಿಸ್ ಪುಸ್ತಕದಲ್ಲಿ ಏನೇ ಬರೆದಿರಲಿ, ಗಾಡಿ ಮನೆಗೆ ಬಂದ ಮೊದಲ ವಾರವೇ ಡೀಸೆಲ್ ಫಿಲ್ಟರ್ ಬದಲಿಸಿ. ಬಿಚ್ಚಿದ ಹಳೆಯದನ್ನು ಎಸೆಯಲು ಬಿಡಬೇಡಿ. ಹಿಂದಿನ ಮಾಲೀಕರು ಹೇಳದೇ ಉಳಿಸಿದ್ದು ಅದರೊಳಗೆ ಇರುತ್ತದೆ.

ಅರ್ಧ ಕಟ್ಟಿಕೊಂಡ ಫಿಲ್ಟರ್ ಇದ್ದರೂ ಗಾಡಿ ಐಡ್ಲಿಂಗ್‌ನಲ್ಲಿ ಚೆನ್ನಾಗಿಯೇ ಇರುತ್ತದೆ, ಏಕೆಂದರೆ ಆಗ ಎಂಜಿನ್ ಕೇಳುವ ಡೀಸೆಲ್ ತೀರಾ ಕಡಿಮೆ. ತಾಪತ್ರಯ ಶುರುವಾಗುವುದು ಲೋಡ್ ಬಿದ್ದಾಗ. ಐದು ಜನ, ಡಿಕ್ಕಿ ತುಂಬ ಸಾಮಾನು, ಎಸಿ ಆನ್, ಎದುರಿಗೆ ಶಿರಾಡಿ ಘಾಟಿಯ ಏರು. ಆಕ್ಸಿಲರೇಟರ್ ಪೂರ್ತಿ ತುಳಿದರೂ ಗಾಡಿ ಎಳೆಯುವುದಿಲ್ಲ, ಚೆಕ್ ಎಂಜಿನ್ ದೀಪ ಹತ್ತಿ ಲಿಂಪ್ ಮೋಡ್‌ಗೆ ಹೋಗುತ್ತದೆ, ಅಂದರೆ ಎಂಜಿನ್ ತನ್ನ ಶಕ್ತಿಯನ್ನು ತಾನೇ ಕಡಿಮೆ ಮಾಡಿಕೊಳ್ಳುತ್ತದೆ. ಬದಿಗೆ ನಿಲ್ಲಿಸಿ ಕೀ ಆಫ್ ಮಾಡಿ ಮತ್ತೆ ಸ್ಟಾರ್ಟ್ ಮಾಡಿದರೆ ಎಲ್ಲ ಸರಿ, ಮುಂದಿನ ಏರು ಬರುವ ತನಕ. ಸ್ಕ್ಯಾನರ್ ಹಾಕಿದರೆ ಸಾಮಾನ್ಯವಾಗಿ ಸಿಗುವ ಕೋಡ್ ಪಿ0087, ಅಂದರೆ ಇಂಜೆಕ್ಟರುಗಳಿಗೆ (ಎಂಜಿನ್ನೊಳಗೆ ಡೀಸೆಲ್ ಚಿಮ್ಮಿಸುವ ಭಾಗಗಳು) ಡೀಸೆಲ್ ಹಂಚುವ ರೈಲ್ ಎಂಬ ಕೊಳವೆಯಲ್ಲಿ ಪ್ರೆಶರ್ ಸಾಲುತ್ತಿಲ್ಲ. ಇಲ್ಲಿ ಕೆಲವು ಗ್ಯಾರೇಜುಗಳು ನೇರವಾಗಿ ಇಂಜೆಕ್ಟರ್, ಪಂಪ್ ಎಂದು ಎಸ್ಟಿಮೇಟ್ ಬರೆದುಬಿಡುತ್ತವೆ. ಕೋಡ್ ಹೇಳುವುದು ಪ್ರೆಶರ್ ಇಲ್ಲ ಅನ್ನುವುದನ್ನಷ್ಟೇ. ಯಾಕಿಲ್ಲ ಅನ್ನುವುದನ್ನು ಹುಡುಕಬೇಕಾದವರು ಮೆಕ್ಯಾನಿಕ್, ಹುಡುಕಾಟ ಶುರುವಾಗಬೇಕಾದದ್ದು ಅಗ್ಗದ ಭಾಗದಿಂದ.

ಹೊಗೆ ನೋಡಿದರೂ ಒಂದು ಸುಳಿವು ಸಿಗುತ್ತದೆ. ಪಿಕಪ್ ಇಲ್ಲ, ಜೊತೆಗೆ ಕಪ್ಪು ಹೊಗೆ ಬರುತ್ತಿದೆ ಎಂದರೆ ಡೀಸೆಲ್ ಬರುತ್ತಿದೆ, ಗಾಳಿ ಸಾಲುತ್ತಿಲ್ಲ; ಏರ್ ಫಿಲ್ಟರ್, ಸೀಳಿದ ಟರ್ಬೊ ಹೋಸ್, ಮಸಿ ಕಟ್ಟಿದ ಇಜಿಆರ್ (ಹೊಗೆಯ ಒಂದು ಪಾಲನ್ನು ಮತ್ತೆ ಎಂಜಿನ್ನಿಗೆ ಕಳಿಸುವ ವಾಲ್ವ್) ನೋಡಿ. ಪಿಕಪ್ಪೂ ಇಲ್ಲ, ಹೊಗೆಯೂ ಇಲ್ಲ ಎಂದರೆ ಮೊದಲ ಅನುಮಾನ ಡೀಸೆಲ್ ಫಿಲ್ಟರ್ ಮೇಲೆ. ಬಿಎಸ್6 (2020ರಲ್ಲಿ ಬಂದ ಮಾಲಿನ್ಯ ನಿಯಮ) ಗಾಡಿಗಳಲ್ಲಿ ಡಿಪಿಎಫ್ ಎಂಬ ಮಸಿ ಫಿಲ್ಟರ್ ಹೊಗೆಯನ್ನೇ ಹಿಡಿದಿಡುವುದರಿಂದ ಈ ಉಪಾಯ ನಡೆಯುವುದಿಲ್ಲ.

ಬೆಳಗ್ಗೆ ಸ್ಟಾರ್ಟ್ ಆಗಲು ತಡವಾಗುವುದು ಇನ್ನೊಂದು ಲಕ್ಷಣ. ಕೆಲವು ಗಾಡಿಗಳಲ್ಲಿ ಎಂಜಿನ್ ಪಕ್ಕದ ಪಂಪ್ ಡೀಸೆಲನ್ನು ಟ್ಯಾಂಕಿನಿಂದ ಹೀರಿಕೊಳ್ಳುತ್ತದೆ. ಫಿಲ್ಟರ್ ಕಟ್ಟಿದಷ್ಟೂ ಈ ಹೀರುವಿಕೆ ಜೋರಾಗಿ, ಹಳೇ ಓ-ರಿಂಗ್‌ಗಳ (ಜೋಡಣೆ ಬಿಗಿಯಿಡುವ ರಬ್ಬರ್ ಬಳೆಗಳು) ಸಂದಿಯಿಂದ ಗಾಳಿ ಒಳಬರುತ್ತದೆ. ಹೊರಗೆ ಒಂದು ಹನಿ ಸೋರುವುದಿಲ್ಲ, ಆದರೂ ರಾತ್ರಿಯಿಡೀ ನಿಂತ ಗಾಡಿಯ ಲೈನಿನಲ್ಲಿ ಡೀಸೆಲ್ ಹಿಂದಕ್ಕೆ ಇಳಿದಿರುತ್ತದೆ. ಫಿಲ್ಟರಿನಿಂದ ಹೊರಡುವ ಪೈಪ್ ಪಾರದರ್ಶಕವಾಗಿದ್ದರೆ ಎಂಜಿನ್ ಓಡುವಾಗ ಗುಳ್ಳೆಗಳು ಹೋಗುವುದನ್ನು ಕಣ್ಣಾರೆ ನೋಡಬಹುದು. ಟ್ಯಾಂಕಿನೊಳಗೆ ಎಲೆಕ್ಟ್ರಿಕ್ ಪಂಪ್ ಇರುವ ಗಾಡಿಗಳಲ್ಲಿ ಇದು ಉಲ್ಟಾ: ಸೀಲ್ ಹೋದರೆ ಡೀಸೆಲ್ ಹೊರಗೆ ಜಿನುಗುತ್ತದೆ.

ಮಾರುತಿ ಡೀಸೆಲ್ ಕಾರು ನಿಲ್ಲಿಸಿದ್ದು 2020ರ ಏಪ್ರಿಲ್‌ನಲ್ಲಿ, ಬಿಎಸ್6 ಬಂದಾಗ. ಅಂದರೆ ಇಂದು ಮಾರಾಟಕ್ಕೆ ಸಿಗುವ ಸ್ವಿಫ್ಟ್, ಡಿಸೈರ್ ಡೀಸೆಲ್‌ಗಳೆಲ್ಲ ಐದು ವರ್ಷ ದಾಟಿದವೇ. ಅವುಗಳಲ್ಲಿರುವ ಫಿಯಟ್ ಮೂಲದ 1.3 ಲೀಟರ್ ಎಂಜಿನ್ ಗಟ್ಟಿಮುಟ್ಟಾದದ್ದು, ಆದರೆ ಕಾಮನ್ ರೈಲ್, ಅಂದರೆ ಎಲ್ಲ ಇಂಜೆಕ್ಟರುಗಳಿಗೂ ಒಂದೇ ರೈಲಿನಿಂದ ಡೀಸೆಲ್. ಲೋಡ್ ಬಿದ್ದಾಗ ರೈಲ್ ಪ್ರೆಶರ್ ಸಾವಿರ ಬಾರ್ ಮೀರಿ ಏರುತ್ತದೆ. ಆ ಮಟ್ಟದ ಒತ್ತಡ ತಡೆಯಲು ಇಂಜೆಕ್ಟರ್ ಒಳಗಿನ ಭಾಗಗಳ ನಡುವೆ ಕೆಲವೇ ಮೈಕ್ರಾನ್ ಸಂದಿ ಇಟ್ಟಿರುತ್ತಾರೆ. ಹೈ ಪ್ರೆಶರ್ ಪಂಪಿಗೆ ಬೇರೆ ಆಯಿಲ್ ಇಲ್ಲ, ಡೀಸೆಲ್ಲೇ ಅದರ ಗ್ರೀಸು, ಡೀಸೆಲ್ಲೇ ಅದರ ಕೂಲಿಂಗ್. ಆ ಡೀಸೆಲ್ ಜೊತೆ ನೀರು ಹೋದರೆ ಲೋಹಕ್ಕೆ ಲೋಹ ಉಜ್ಜುತ್ತದೆ, ತುಕ್ಕೂ ಹಿಡಿಯುತ್ತದೆ. ಫಿಲ್ಟರಿನ ಬೆಲೆ ಸಾವಿರದ ಆಸುಪಾಸು. ನಾಲ್ಕು ಇಂಜೆಕ್ಟರಿನ ಲೆಕ್ಕ ಹಾಕುವುದು ಬೇಡವೇ ಬೇಡ.

ಬದಲಿಸುವಾಗ ಎಂಜಿನ್ ತಣ್ಣಗಿರಲಿ. ಬ್ಯಾಟರಿ ನೆಗೆಟಿವ್ ತೆಗೆದು, ಫಿಲ್ಟರಿನ ಸುತ್ತಲಿನ ಧೂಳನ್ನು ಮೊದಲು ಬ್ರಶ್ ಮತ್ತು ಬಟ್ಟೆಯಿಂದ ಒರೆಸಿ. ಈ ಒರೆಸುವ ಕೆಲಸವನ್ನೇ ಜನ ಬಿಡುವುದು. ಪೈಪ್ ಬಿಚ್ಚಿದಾಗ ಉದುರುವ ಮಣ್ಣು ಫಿಲ್ಟರಿನ ಆಚೆ ಬದಿಗೆ, ಅಂದರೆ ಎಂಜಿನ್ ಕಡೆಗೆ, ಬಿದ್ದರೆ ಅದನ್ನು ತಡೆಯಲು ಮುಂದೆ ಏನೂ ಇಲ್ಲ. ಪೈಪುಗಳು ಯಾವುದು ಎಲ್ಲಿ ಎಂದು ಫೋನಿನಲ್ಲಿ ಫೋಟೋ ತೆಗೆದಿಡಿ. ಪ್ಲಾಸ್ಟಿಕ್ ಲಾಕ್‌ಗಳನ್ನು ಸ್ಕ್ರೂಡ್ರೈವರ್‌ನಿಂದ ಮೀಟಬೇಡಿ, ಹಳೇ ಗಾಡಿಯಲ್ಲಿ ಅವು ಬಿಸ್ಕತ್ತಿನ ಹಾಗೆ ಮುರಿಯುತ್ತವೆ. ಪೈಪ್ ಬಾಯಿಗಳನ್ನು ಕೂಡಲೇ ಚೊಕ್ಕ ಪಾಲಿಥೀನ್ ಸುತ್ತಿ ಮುಚ್ಚಿ. ಹೊಸ ಓ-ರಿಂಗಿಗೆ ಚೊಕ್ಕ ಡೀಸೆಲ್ ಸವರಿ ಕೂರಿಸಿ. ಹಳೇ ರಿಂಗ್ ಆ ಜಾಗದಲ್ಲೇ ಅಂಟಿಕೊಂಡು ಉಳಿದಿಲ್ಲವೆಂದು ಬೆರಳಾಡಿಸಿ ನೋಡಿ, ಎರಡು ರಿಂಗ್ ಸೇರಿದರೆ ಸೋರಿಕೆ ಖಚಿತ. ರೈಲಿನಿಂದ ಇಂಜೆಕ್ಟರಿಗೆ ಹೋಗುವ ಉಕ್ಕಿನ ಪೈಪುಗಳ ನಟ್ಟು ಸಡಿಲಿಸಿ ಗಾಳಿ ತೆಗೆಯುವ ಹಳೇ ಪದ್ಧತಿ ಕಾಮನ್ ರೈಲಿಗೆ ಸಲ್ಲ. ಆ ಒತ್ತಡದ ಡೀಸೆಲ್ ಚರ್ಮವನ್ನೇ ತೂರಿ ಒಳಹೋಗುತ್ತದೆ.

ಹೊಸ ಫಿಲ್ಟರಿಗೆ ಕ್ಯಾನಿನಿಂದ ಡೀಸೆಲ್ ಸುರಿದು ಕೂರಿಸುವ ಅಭ್ಯಾಸವೂ ಬೇಡ. ಸೋಸದ ಡೀಸೆಲ್ ಆಚೆ ಬದಿಗೆ ಸೇರುವ ಅಪಾಯವಿದೆ. ಕೈಯಲ್ಲಿ ಒತ್ತಿ ಡೀಸೆಲ್ ತುಂಬಿಸುವ ಪ್ರೈಮಿಂಗ್ ಪಂಪಿನಿಂದಲೇ ತುಂಬಿಸಿ. ಹಳೇ ಇನ್ನೋವಾದಂಥ ಗಾಡಿಗಳಲ್ಲಿ ಅದು ಫಿಲ್ಟರಿನ ತಲೆಯ ಮೇಲೇ ಇದೆ. ಮೊದಮೊದಲು ಮೆತ್ತಗೆ ಒಳಹೋಗುತ್ತದೆ, ಗಾಳಿ ಖಾಲಿಯಾದಂತೆ ಹೆಬ್ಬೆರಳಿಗೆ ಎದುರು ನಿಲ್ಲುತ್ತದೆ. ಅಲ್ಲಿಗೆ ನಿಲ್ಲಿಸಿ. ಟ್ಯಾಂಕಿನಲ್ಲಿ ಎಲೆಕ್ಟ್ರಿಕ್ ಪಂಪ್ ಇದ್ದರೆ ಬ್ಯಾಟರಿ ಜೋಡಿಸಿ, ಸ್ಟಾರ್ಟ್ ಮಾಡದೆ ಕೀ ಆನ್ ಮಾಡಿ ಪಂಪಿನ ಸದ್ದು ನಿಲ್ಲುವ ತನಕ ಕಾದು ಆಫ್ ಮಾಡಿ. ಐದಾರು ಸಲ ಹೀಗೆ. ನಂತರವೇ ಸೆಲ್ಫ್. ಒಂದು ಸಲಕ್ಕೆ ಹತ್ತು ಸೆಕೆಂಡ್ ದಾಟಬೇಡಿ, ನಡುವೆ ಅರ್ಧ ನಿಮಿಷ ಬಿಡಿ. ಏರ್ ಲಾಕ್ ಆದ (ಲೈನಿನಲ್ಲಿ ಗಾಳಿ ಸಿಕ್ಕಿಕೊಂಡ) ಗಾಡಿಗೆ ಸುಮ್ಮನೆ ಸೆಲ್ಫ್ ಹೊಡೆಯುತ್ತಾ ಹೋದರೆ ಒಣಗಿದ ಪಂಪ್ ತನ್ನನ್ನು ತಾನೇ ತಿನ್ನುತ್ತದೆ.

ಈಗ ಹಳೇ ಫಿಲ್ಟರಿಗೆ ಬರೋಣ. ಅದರೊಳಗಿನದನ್ನು ಒಂದು ಗಾಜಿನ ಬಾಟಲಿಗೆ ಸುರಿದು ಹತ್ತು ನಿಮಿಷ ಅಲುಗಾಡಿಸದೆ ಇಡಿ. ನೀರಿದ್ದರೆ ತಳಕ್ಕಿಳಿದು ಗೆರೆ ಎಳೆದಂತೆ ಬೇರೆಯಾಗುತ್ತದೆ. ಚಮಚದ ಲೆಕ್ಕದ ನೀರು ಮಾಮೂಲಿ, ಮಳೆಗಾಲದಲ್ಲಿ ಅರ್ಧ ಖಾಲಿ ಟ್ಯಾಂಕಿನ ಗೋಡೆಗೆ ತೇವ ಕಟ್ಟಿ ಅಷ್ಟು ಸೇರುತ್ತದೆ, ಕರಾವಳಿಯಲ್ಲಿ ತುಸು ಹೆಚ್ಚೇ. ಕಾಲು ಬಾಟಲಿ ನೀರು ಬಂದರೆ ಟ್ಯಾಂಕ್ ಇಳಿಸಿ ತೊಳೆಸಲೇಬೇಕು. ನೀರಿಗೂ ಡೀಸೆಲಿಗೂ ನಡುವೆ ಕಪ್ಪು ಲೋಳೆ ತೇಲಿದರೆ ಅದು ಟ್ಯಾಂಕಿನಲ್ಲಿ ಬೆಳೆದ ಸೂಕ್ಷ್ಮಜೀವಿಗಳ ರಾಶಿ, ಗಾಡಿ ಬಹಳ ಕಾಲ ನಿಂತಿದ್ದಿರಬಹುದು. ಬರೀ ಫಿಲ್ಟರ್ ಬದಲಿಸಿದರೆ ಹೊಸದೂ ಬೇಗ ಕಟ್ಟುತ್ತದೆ. ಕೊನೆಗೆ ಒಳಗಿನ ಕಾಗದವನ್ನು ಬ್ಲೇಡಿನಿಂದ ಕತ್ತರಿಸಿ, ಮಡಿಕೆ ಬಿಡಿಸಿ ಬಿಸಿಲಿಗೆ ಹಿಡಿಯಿರಿ. ಕಂದು, ಕಪ್ಪು ಬಣ್ಣಕ್ಕೆ ಗಾಬರಿ ಬೇಡ. ಬೆಳ್ಳಿ ಬಣ್ಣದ ಚೂರುಗಳು ಮಿನುಗಿದರೆ ಮಾತ್ರ ಗಾಡಿ ಓಡಿಸುವುದನ್ನು ನಿಲ್ಲಿಸಿ. ಅಂದರೆ ಹೈ ಪ್ರೆಶರ್ ಪಂಪಿನಿಂದ ಸವೆದ ಲೋಹ ರಿಟರ್ನ್ ಲೈನ್ (ಉಳಿದ ಡೀಸೆಲ್ ವಾಪಸ್ ಹೋಗುವ ಪೈಪ್) ಹಿಡಿದು ಟ್ಯಾಂಕಿಗೆ ಬಂದು ಸುತ್ತು ಹೊಡೆಯುತ್ತಿದೆ. ಇದು ಕೊಳ್ಳುವ ಮೊದಲೇ ಗೊತ್ತಾಗುವಂತಿದ್ದರೆ ಚೌಕಾಸಿಯ ಮಾತೇ ಬೇರೆ; ಮಾರುವವರು ಒಪ್ಪಿದರೆ ನಿಮ್ಮ ಖರ್ಚಿನಲ್ಲೇ ಮುಂಚಿತವಾಗಿ ಫಿಲ್ಟರ್ ಬದಲಿಸಿ ನೋಡುವುದು ಲಾಭದ ವ್ಯವಹಾರ.

ಪೆಟ್ರೋಲ್ ಕಾರಿನವರಿಗೆ ಇಷ್ಟು ಕಾಟವಿಲ್ಲ. ಹೊಸ ಮಾದರಿಗಳಲ್ಲಿ ಫಿಲ್ಟರ್ ಟ್ಯಾಂಕಿನೊಳಗಿನ ಪಂಪಿನ ಜೊತೆಗೇ ಇರುತ್ತದೆ. ಆದರೆ ಇ20 (ಶೇ. 20ರಷ್ಟು ಎಥನಾಲ್ ಬೆರೆತ) ಪೆಟ್ರೋಲಿನ ಎಥನಾಲ್ ನೀರು ಹೀರುತ್ತದೆ, ಹಳೇ ಟ್ಯಾಂಕಿನ ಕೊಳೆಯನ್ನೂ ಸಡಿಲಿಸುತ್ತದೆ. ತಿಂಗಳುಗಟ್ಟಲೆ ನಿಂತಿದ್ದ ಗಾಡಿಯಾದರೆ ಹಳೇ ಪೆಟ್ರೋಲ್ ತೆಗೆಸಿ. ಟ್ಯಾಂಕ್ ಸದಾ ಕಾಲು ಭಾಗಕ್ಕಿಂತ ಮೇಲಿರಲಿ, ಪಂಪನ್ನು ತಣ್ಣಗಿಡುವುದು ಪೆಟ್ರೋಲೇ.

ಅದೇ ದಿನ ಎಂಜಿನ್ ಆಯಿಲ್, ಆಯಿಲ್ ಫಿಲ್ಟರ್, ಏರ್ ಫಿಲ್ಟರ್ ಬದಲಿಸಿ. ಆಯಿಲ್ ಫಿಲ್ಟರ್ ಕಟ್ಟಿದರೆ ಬೈಪಾಸ್ ತೆರೆದು ಸೋಸದ ಆಯಿಲ್ ಓಡಾಡುತ್ತದೆ, ಲಕ್ಷಣ ಏನೂ ತೋರುವುದಿಲ್ಲ. ಡಿಪಿಎಫ್ ಇರುವ ಗಾಡಿಗೆ ಕಂಪನಿ ಹೇಳಿದ ಕಡಿಮೆ ಬೂದಿಯ ಆಯಿಲ್ಲೇ ಬೇಕು. ಬ್ರೇಕ್ ಫ್ಲೂಯಿಡ್ ಎರಡು ವರ್ಷಕ್ಕೊಮ್ಮೆ. 1.3 ಎಂಜಿನಿಗೆ ಟೈಮಿಂಗ್ ಚೈನ್ ಇದೆ, ಹಳೇ 2.5 ಇನ್ನೋವಾಕ್ಕೆ ಟೈಮಿಂಗ್ ಬೆಲ್ಟ್; ಬೆಲ್ಟ್ ಬದಲಿಸಿದ ಬಿಲ್ಲು ಕೈಗೆ ಸಿಗದಿದ್ದರೆ ಬದಲಿಸಿಲ್ಲ ಎಂದೇ ತಿಳಿಯಿರಿ.

ಡೀಸೆಲ್ ಫಿಲ್ಟರ್ ಕೂರಿಸಿದ ಮೇಲೆ ಹದಿನೈದು ನಿಮಿಷ ಎಂಜಿನ್ ಓಡಿಸಿ, ಜೋಡಣೆಗಳ ಕೆಳಗೆ ಬಿಳಿ ಕಾಗದ ಹಿಡಿದು ತೇವ ನೋಡಿ. 500 ಕಿಲೋಮೀಟರ್ ಆದಾಗ ತಳದ ಡ್ರೈನ್ ಸ್ಕ್ರೂ ಸಡಿಲಿಸಿ ನೀರು ಬಂದರೆ ಅಳೆದಿಡಿ, ಮತ್ತೆ ಮಳೆಗಾಲ ಮುಗಿದ ಮೇಲೊಮ್ಮೆ. ಮುಂದಿನ ಬದಲಾವಣೆಗೆ ಮ್ಯಾನುವಲ್‌ನಲ್ಲಿರುವ ಕಿಲೋಮೀಟರ್ ಪಾಲಿಸಿ. ಹಳ್ಳಿ ದಾರಿ, ಕ್ಯಾನ್ ಡೀಸೆಲ್ ಬಳಕೆ ಇದ್ದರೆ ಅದರ ಅರ್ಧಕ್ಕೇ ಬದಲಿಸಿ. ಹೊಸ ಫಿಲ್ಟರ್ ಮೈಮೇಲೆ ತಾರೀಖು, ಓಡೊಮೀಟರ್ ರೀಡಿಂಗ್ ಎರಡನ್ನೂ ಮಾರ್ಕರ್‌ನಲ್ಲಿ ಬರೆದುಬಿಡಿ.