ಪಿಡಿಎಫ್ ಮಾಡಿ ಗುಂಪಿಗೆ ಕಳುಹಿಸಿದರೆ ದಾಖಲೆ ಭದ್ರವೇ?

ಪ್ರಶ್ನೆ: ನಮ್ಮ ಸಂಘದ ಸದಸ್ಯರ ಇಮೇಲ್ ಗುಂಪಿಗೆ ಮಹಾಸಭೆಯ ಲೆಕ್ಕಪತ್ರಗಳನ್ನೂ ಪದಾಧಿಕಾರಿಗಳ ಗುರುತಿನ ದಾಖಲೆಗಳನ್ನೂ ಕಳುಹಿಸಬೇಕಾಗಿದೆ. ಎಲ್ಲವನ್ನೂ ಪಿಡಿಎಫ್ ಮಾಡಿ, ಆಧಾರ್ ಸಂಖ್ಯೆಯ ಮೇಲೆ ಕಪ್ಪು ಪಟ್ಟಿ ಎಳೆದು ಕಳುಹಿಸಿದರೆ ಸಾಕಲ್ಲವೇ?

ಸಾಲದು. ಇದೇ ಪ್ರಶ್ನೆ ಬೇರೆ ಬೇರೆ ಮಾತುಗಳಲ್ಲಿ ಮತ್ತೆ ಮತ್ತೆ ಬರುತ್ತದೆ, ಉತ್ತರವನ್ನು ಎಷ್ಟು ಸಲ ಕೊಟ್ಟರೂ ಅದರ ಹಿಂದಿರುವ ನಂಬಿಕೆ ಮಾತ್ರ ಅಲುಗುವುದಿಲ್ಲ. ಪಿಡಿಎಫ್ ಆದ ಮೇಲೆ ಕಡತವನ್ನು ಯಾರೂ ಏನೂ ಮಾಡಲಾರರು ಎಂಬುದೇ ಆ ನಂಬಿಕೆ. 1993ರಲ್ಲಿ ಅಡೋಬಿ ಸಂಸ್ಥೆ ಈ ಮಾದರಿಯನ್ನು ಹೊರತಂದದ್ದು ಯಾವ ಯಂತ್ರದಲ್ಲಿ ತೆರೆದರೂ ಪುಟ ಒಂದೇ ರೀತಿ ಕಾಣಲಿ ಎಂಬ ಉದ್ದೇಶದಿಂದ. ಬರೆದದ್ದನ್ನು ಮುಚ್ಚಿಡುವುದು ಅದರ ಕೆಲಸವಾಗಿರಲಿಲ್ಲ.

ಕಪ್ಪು ಪಟ್ಟಿ ಏಕೆ ಮುಚ್ಚುವುದಿಲ್ಲ ಎಂಬುದನ್ನು ಸ್ವಲ್ಪ ವಿವರವಾಗಿಯೇ ನೋಡೋಣ. ಪಿಡಿಎಫ್ ಪುಟವೆಂದರೆ ಚಿತ್ರಿಸುವ ಆದೇಶಗಳ ಸಾಲು: ಇಲ್ಲಿ ಈ ಅಕ್ಷರಗಳನ್ನು ಇಡು, ಅಲ್ಲಿ ಈ ಗೆರೆ ಎಳೆ, ಇದರ ಮೇಲೆ ಈ ಬಣ್ಣದ ಚೌಕ ಹಾಕು. ನೀವು ಪಟ್ಟಿ ಎಳೆದಾಗ ಆ ಸಾಲಿನ ಕೊನೆಗೆ ಇನ್ನೊಂದು ಆದೇಶ ಸೇರುತ್ತದೆ, ಅಷ್ಟೇ. ಅಂಕಿಗಳನ್ನು ಇಡುವ ಆದೇಶ ಇದ್ದಲ್ಲಿಯೇ ಇರುತ್ತದೆ. ಪಟ್ಟಿಯ ಮೇಲೆ ಮೌಸ್ ಎಳೆದು, ನಕಲಿಸಿ, ಬೇರೊಂದು ಕಡತಕ್ಕೆ ಅಂಟಿಸಿದರೆ ಸಂಖ್ಯೆ ಪೂರ್ತಿಯಾಗಿ ಬರುತ್ತದೆ. ಸ್ಕ್ಯಾನ್ ಮಾಡಿದ ಪುಟದಲ್ಲಿ ನಕಲಿಸಲು ಅಕ್ಷರಗಳು ಇಲ್ಲದಿರಬಹುದು, ಆದರೆ ಪಟ್ಟಿಯನ್ನು ಸರಿಸಿದರೆ ಕೆಳಗಿನ ಚಿತ್ರ ಕಾಣುತ್ತದೆ. 2019ರ ಜನವರಿಯಲ್ಲಿ ಅಮೆರಿಕದಲ್ಲಿ ಟ್ರಂಪ್ ಅವರ ಚುನಾವಣಾ ಪ್ರಚಾರದ ಮುಖ್ಯಸ್ಥರಾಗಿದ್ದ ಪಾಲ್ ಮ್ಯಾನಫೋರ್ಟ್ ಅವರ ವಕೀಲರು ನ್ಯಾಯಾಲಯಕ್ಕೆ ಸಲ್ಲಿಸಿದ ಪಿಡಿಎಫ್‌ನಲ್ಲಿ ಆದದ್ದು ಇದೇ. ಕಪ್ಪಾಗಿಸಿದ ಸಾಲುಗಳನ್ನು ಪತ್ರಕರ್ತರು ನಕಲಿಸಿಕೊಂಡು ಓದಿದರು. ವಕೀಲರ ಕೈಯಲ್ಲೇ ಹೀಗಾಗುವುದಾದರೆ ಸಂಘದ ಕಾರ್ಯದರ್ಶಿಯ ಕೈಯಲ್ಲಿ ಆಗುವುದಿಲ್ಲ ಎಂದು ನಂಬಿ ಕುಳಿತುಕೊಳ್ಳುವುದು ಸರಿಯಲ್ಲ.

ಪಾಸ್‌ವರ್ಡ್ ಇದೆಯಲ್ಲ ಎನ್ನುವವರಿದ್ದಾರೆ. ಜಾಲತಾಣದಿಂದ ಇಳಿಸಿಕೊಳ್ಳುವ ಆಧಾರ್ ಪಿಡಿಎಫ್, ಅಂದರೆ ಇ-ಆಧಾರ್ ಕಡತದ ಪಾಸ್‌ವರ್ಡ್ ನಿಮ್ಮ ಹೆಸರಿನ ಮೊದಲ ನಾಲ್ಕು ಇಂಗ್ಲಿಷ್ ಅಕ್ಷರಗಳು ಮತ್ತು ಹುಟ್ಟಿದ ವರ್ಷ ಎಂಬುದು ಎಲ್ಲರಿಗೂ ಗೊತ್ತು. ಗುಂಪಿನವರಿಗೆ ಹೆಸರಂತೂ ತಿಳಿದೇ ಇದೆ, ವರ್ಷಕ್ಕೆ ಹೆಚ್ಚೆಂದರೆ ನೂರು ಸಾಧ್ಯತೆಗಳು. ನೀವೇ ಇಟ್ಟ ಗಟ್ಟಿಯಾದ ಪಾಸ್‌ವರ್ಡನ್ನೂ ಅದೇ ಇಮೇಲಿನಲ್ಲಿ ಬರೆದು ಕಳುಹಿಸಿದರೆ ಅದನ್ನು ಇಟ್ಟೂ ಪ್ರಯೋಜನವಿಲ್ಲ. ಇನ್ನು ಮುದ್ರಣವನ್ನೋ ತಿದ್ದುಪಡಿಯನ್ನೋ ಮಾತ್ರ ತಡೆಯುವ ನಿರ್ಬಂಧವು ಕಡತವನ್ನು ತೆರೆಯುವ ತಂತ್ರಾಂಶ ಅದನ್ನು ಪಾಲಿಸುವವರೆಗೆ ಮಾತ್ರ ನಡೆಯುತ್ತದೆ.

ಹಾಗಾದರೆ ಮಾಡಬೇಕಾದದ್ದೇನು? ಮರೆಮಾಡಬೇಕಾದ ಅಂಶವನ್ನು ಮೂಲ ಕಡತದಲ್ಲೇ ಅಳಿಸಿ, ಅನಂತರ ಹೊಸದಾಗಿ ಪಿಡಿಎಫ್ ಮಾಡಿ. ಆಧಾರ್ ಆದರೆ ಅದನ್ನು ಕೊಡುವ ಪ್ರಾಧಿಕಾರದ ಜಾಲತಾಣದಿಂದಲೇ ಕೊನೆಯ ನಾಲ್ಕು ಅಂಕಿಗಳು ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಪಡೆಯಿರಿ. ಅದಕ್ಕೂ ಮೊದಲು, ಈ ದಾಖಲೆ ಇಡೀ ಗುಂಪಿಗೆ ಬೇಕೇ ಎಂದು ಕೇಳಿಕೊಳ್ಳಿ. ಪದಾಧಿಕಾರಿಯ ಗುರುತಿನ ಚೀಟಿ ಬ್ಯಾಂಕಿಗೆ ಬೇಕು, ನೋಂದಣಿ ಕಚೇರಿಗೆ ಬೇಕು, ಸದಸ್ಯರೆಲ್ಲರಿಗೂ ಖಂಡಿತ ಬೇಡ.

ಗುಂಪಿನ ನಿಜವಾದ ಅಪಾಯವಿರುವುದು ಪ್ರತಿಗಳಲ್ಲಿ. ಇನ್ನೂರು ಸದಸ್ಯರಿಗೆ ಒಂದು ಲಗತ್ತು ಹೋದರೆ ಇನ್ನೂರು ಪ್ರತಿಗಳಾಗುತ್ತವೆ. ಜಿಮೇಲಿನಲ್ಲಿ ಕಳುಹಿಸಿದ್ದನ್ನು ತಡೆಯಲು ಹೆಚ್ಚೆಂದರೆ 30 ಸೆಕೆಂಡುಗಳಿವೆ. ಆಮೇಲೆ ಗುಂಪಿನ ಸಂಗ್ರಹದಿಂದ ಅಳಿಸಿದರೂ ಅವರವರ ಪೆಟ್ಟಿಗೆಯಲ್ಲಿರುವುದು ಅಳಿಯುವುದಿಲ್ಲ. ಆದ್ದರಿಂದ ಲೆಕ್ಕಪತ್ರದಂತಹ ಕಡತವನ್ನು ಗೂಗಲ್ ಡ್ರೈವ್‌ನಲ್ಲಿ ಒಂದೇ ಕಡೆ ಇಟ್ಟು, ಲಿಂಕ್ ಇರುವ ಯಾರು ಬೇಕಾದರೂ ನೋಡಬಹುದು ಎಂಬ ಆಯ್ಕೆಯನ್ನು ಬಿಟ್ಟು, ಗೂಗಲ್ ಗ್ರೂಪ್ಸ್ ಬಳಸುತ್ತಿದ್ದರೆ ಆ ಗುಂಪಿನ ವಿಳಾಸಕ್ಕೆ ಮಾತ್ರ ನೋಡುವ ಅನುಮತಿ ಕೊಡಿ. ಗುಂಪು ಬಿಟ್ಟವರಿಗೆ ಆ ಅನುಮತಿ ತಾನಾಗಿಯೇ ತಪ್ಪುತ್ತದೆ, ತಪ್ಪು ಕಂಡರೆ ಕಡತವನ್ನು ತಿದ್ದಲೂಬಹುದು. ಅಷ್ಟರಲ್ಲಿ ಇಳಿಸಿಕೊಂಡವರ ಪ್ರತಿಯ ಮೇಲೆ ಮಾತ್ರ ನಿಮಗೆ ಹಿಡಿತವಿರುವುದಿಲ್ಲ.

ಯಾರೂ ಕೇಳದ ಇನ್ನೊಂದು ವಿಷಯವನ್ನೂ ಇಲ್ಲಿಯೇ ಹೇಳಬೇಕು. ಕನ್ನಡದ ಗುಂಪುಗಳಲ್ಲಿ ‘ನುಡಿ’ ಅಥವಾ ‘ಬರಹ’ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಟೈಪು ಮಾಡಿದ ವರ್ಡ್ ಕಡತ ಬಂದು, ತೆರೆದವರಿಗೆ ಅರ್ಥವಿಲ್ಲದ ರೋಮನ್ ಚಿಹ್ನೆಗಳು ಕಂಡಾಗ, ಯಾರೋ ಒಬ್ಬರು ಆ ಫಾಂಟಿನ ಕಡತವನ್ನೇ ಲಗತ್ತಿಸಿ ಇದನ್ನು ಹಾಕಿಕೊಳ್ಳಿ ಎನ್ನುತ್ತಾರೆ. ದಯವಿಟ್ಟು ಹಾಕಿಕೊಳ್ಳಬೇಡಿ. 2011ರಲ್ಲಿ ಪತ್ತೆಯಾದ ಡುಕು ಎಂಬ ದಾಳಿ ತಂತ್ರಾಂಶವು ವಿಂಡೋಸ್ ಫಾಂಟುಗಳನ್ನು ಓದುವ ರೀತಿಯಲ್ಲಿದ್ದ ದೋಷವನ್ನು ಬಳಸಿಕೊಂಡೇ, ಒಂದು ವರ್ಡ್ ಕಡತದ ಮೂಲಕ ಒಳನುಗ್ಗಿತ್ತು. ಆ ದೋಷವನ್ನು ಸರಿಪಡಿಸಿ ವರ್ಷಗಳೇ ಆದವು, ಆದರೂ ಎಲ್ಲಿಂದ ಬಂದಿತೆಂದು ತಿಳಿಯದ ಫಾಂಟನ್ನು ಇಮೇಲಿನಿಂದ ಇಳಿಸಿಕೊಳ್ಳುವ ಅಗತ್ಯವೇ ಇಲ್ಲ. ಬರೆದವರು ಪಠ್ಯವನ್ನು ಯೂನಿಕೋಡ್‌ಗೆ, ಅಂದರೆ ಪ್ರತ್ಯೇಕ ಫಾಂಟ್ ಹಾಕಿಕೊಳ್ಳದೆಯೇ ಓದಬಹುದಾದ ಸಾಮಾನ್ಯ ಅಕ್ಷರ ಸಂಕೇತಕ್ಕೆ, ಪರಿವರ್ತಿಸಿ ಕಳುಹಿಸಲಿ. ಅದು ಸಾಧ್ಯವಾಗದಿದ್ದರೆ ಫಾಂಟನ್ನು ಒಳಗೇ ಸೇರಿಸಿಕೊಳ್ಳುವ ಪಿಡಿಎಫ್ ಮಾಡಲಿ. ಪಿಡಿಎಫ್ ಹುಟ್ಟಿದ್ದೇ ಆ ಕೆಲಸಕ್ಕೆ.